ಐದನೇ ಸೆಮಿಸ್ಟರ್‌ನ ಗಣಿತದ ಪೇಪರ್ ಆರಿಸುವ ಮೊದಲು ಮೂರು ಸಂಜೆ

ಬಿಎಸ್ಸಿಯ ನಾಲ್ಕನೇ ಸೆಮಿಸ್ಟರ್ ಪರೀಕ್ಷೆ ಮುಗಿದ ಕೂಡಲೇ ನಮ್ಮ ಸ್ಟಾಫ್ ರೂಮಿನ ಬಾಗಿಲಲ್ಲಿ ಮಕ್ಕಳು ಬಂದು ನಿಲ್ಲುತ್ತಾರೆ. ‘ಮೇಡಂ, ಯಾವ ಪೇಪರ್ ಸ್ಕೋರಿಂಗ್ ಐತ್ರಿ?’ ಇಂಡಿಯಿಂದ, ಬಸವನ ಬಾಗೇವಾಡಿಯಿಂದ ಬೆಳಗಿನ ಬಸ್ ಹಿಡಿದು ವಿಜಯಪುರಕ್ಕೆ ಬರುವ ಮಕ್ಕಳು. ಮಾರ್ಕ್ಸ್ ಬಗ್ಗೆ ಅವರಿಗಿರುವ ಚಿಂತೆ ನನಗೆ ಅರ್ಥವಾಗುತ್ತದೆ. ಆದರೂ ಆ ಪ್ರಶ್ನೆಗೆ ನಾನು ನೇರ ಉತ್ತರ ಕೊಡುವುದಿಲ್ಲ. ಮೂರು ಲೆಕ್ಕ ಕೊಟ್ಟು ಕಳಿಸುತ್ತೇನೆ. ಆ ಮೂರನ್ನೂ ಇಲ್ಲಿ ಬರೆಯುತ್ತೇನೆ.

ಅದಕ್ಕೂ ಮುಂಚೆ ಒಂದು ಕೆಲಸ ಮಾಡಿ. ನಿಮ್ಮ ಬ್ಯಾಚಿನ ಸಿಲೆಬಸ್ ಕೈಯಲ್ಲಿ ಇಟ್ಟುಕೊಳ್ಳಿ. ಅಣ್ಣನದೋ ಸೀನಿಯರ್‌ದೋ ಹಳೇ ಸಿಲೆಬಸ್ ಬೇಡ. ಯಾವುದು ಕಡ್ಡಾಯ, ಯಾವುದರಲ್ಲಿ ನಿಮಗೆ ಆಯ್ಕೆ ಇದೆ ಅಂತ ಗುರುತು ಹಾಕಿಕೊಳ್ಳಿ. ಲೀನಿಯರ್ ಆಲ್ಜಿಬ್ರಾ ಆಯ್ಕೆಯಲ್ಲಿದ್ದರೆ ಯೋಚನೆ ಮಾಡದೆ ತಗೊಳ್ಳಿ. ಎಂಎಸ್ಸಿಗೆ ಹೋದರೂ ಅದು ಬೇಕು, ಎಂಸಿಎಗೆ ಹೋದರೂ ಬೇಕು, ಡೇಟಾ ಸೈನ್ಸ್ ಅಂತ ಹೊರಟರಂತೂ ಬೇಕೇ ಬೇಕು. ಉಳಿದ ಪೇಪರ್‌ಗಳಿಗೆ ಈ ಮೂರು ಸಂಜೆ.

ಮೊದಲ ಸಂಜೆ ರಿಯಲ್ ಅನಾಲಿಸಿಸ್. ಎಕ್ಸ್ ಅನ್ನುವುದು 0ಯಿಂದ 1ರವರೆಗಿನ ಒಂದು ಸಂಖ್ಯೆ ಅಂತಿಟ್ಟುಕೊಳ್ಳಿ. ಅದರ ಘಾತ ಏರಿಸುತ್ತಾ ಹೋಗಿ. 0.9ರ ಘಾತ 10 ಸುಮಾರು 0.35. ಘಾತ 50ಕ್ಕೆ ಹೋದರೆ 0.005, ಅಂದರೆ ಹೆಚ್ಚುಕಮ್ಮಿ ಸೊನ್ನೆ. ಈಗ 0.99 ತಗೊಳ್ಳಿ. ಘಾತ 50ಕ್ಕೆ ಇನ್ನೂ 0.6 ಇದೆ. 0.999 ತಗೊಂಡರೆ 0.95. 1ಕ್ಕಿಂತ ಕಡಿಮೆ ಇರುವ ಪ್ರತಿ ಎಕ್ಸ್ ಕೊನೆಗೆ ಸೊನ್ನೆ ಕಡೆಗೇ ಹೋಗುತ್ತದೆ. ಆದರೆ 1 ಮಾತ್ರ 1ರಲ್ಲೇ ನಿಲ್ಲುತ್ತದೆ. ಒಂದೊಂದು ಘಾತದ ಗ್ರಾಫ್ ಕೂಡ ಎಲ್ಲೂ ಮುರಿಯದ ಗೆರೆ, ಕೊನೆಗೆ ಸಿಗುವ ಗ್ರಾಫ್ ಮಾತ್ರ 1ರಲ್ಲಿ ಮುರಿದಿದೆ. ಹೇಗೆ? ಪೆನ್ನು ಹಿಡಿದು ಇದಕ್ಕೊಂದು ಕಾರಣ ಬರೆಯಲು ಕೂರಿ. ಯೂನಿಫಾರ್ಮ್ ಕನ್ವರ್ಜೆನ್ಸ್ (ಎಲ್ಲ ಎಕ್ಸ್‌ಗಳೂ ಒಟ್ಟಿಗೇ ಗುರಿಗೆ ಹತ್ತಿರವಾಗುವುದು) ಅನ್ನುವ ಪಾಠ ಹುಟ್ಟುವುದೇ ಈ ಪ್ರಶ್ನೆಯಿಂದ.

ಎರಡನೇ ಸಂಜೆ ಆಲ್ಜಿಬ್ರಾ. ಗೋಳಗುಮ್ಮಟದ ಒಳಗೆ ನಿಂತು ತಲೆ ಎತ್ತಿ ನೋಡಿದ್ದೀರಿ, ಅಲ್ವಾ? ಕೆಳಗೆ ಚೌಕದ ಕೋಣೆ, ಮೇಲೆ ಸುಮಾರು 44 ಮೀಟರ್ ವ್ಯಾಸದ ಗುಂಡನೆಯ ಗುಮ್ಮಟ. ನಡುವೆ ಒಂದನ್ನೊಂದು ದಾಟಿ ಹೋಗುವ ಎಂಟು ಕಮಾನುಗಳು ಆ ಭಾರ ಹೊತ್ತಿವೆ. ಅವುಗಳ ನಕ್ಷೆಯಲ್ಲಿ ಇರುವುದು ಎರಡು ಚೌಕ, ಒಂದರ ಮೇಲೊಂದು ಓರೆಯಾಗಿ ಇಟ್ಟ ಹಾಗೆ. ಮನೆಯಲ್ಲಿ ರಟ್ಟಿನಿಂದ ಒಂದೇ ಅಳತೆಯ ಎರಡು ಚೌಕ ಕತ್ತರಿಸಿ. ಒಂದನ್ನು 45 ಡಿಗ್ರಿ ತಿರುಗಿಸಿ ಇನ್ನೊಂದರ ಮೇಲೆ ಅಂಟಿಸಿ. ಎಂಟು ಮೂಲೆಯ ನಕ್ಷತ್ರ ಬರುತ್ತದೆ. ಮೂಲೆಗಳಿಗೆ 1ರಿಂದ 8ರವರೆಗೆ ನಂಬರ್ ಹಾಕಿ, ಹಿಂದೆಯೂ ಅದೇ ನಂಬರ್ ಹಾಕಿ. ಇದ್ದ ಜಾಗದಲ್ಲೇ ಸರಿಯಾಗಿ ಕೂರುವ ಹಾಗೆ ಎಷ್ಟು ರೀತಿಯಲ್ಲಿ ತಿರುಗಿಸಬಹುದು, ಮಗುಚಬಹುದು? ಎಣಿಸಿದರೆ 16. ಈಗ ಒಮ್ಮೆ 45 ಡಿಗ್ರಿ ತಿರುಗಿಸಿ ಆಮೇಲೆ ಮಗುಚಿ. ಮತ್ತೆ ಮೊದಲಿಂದ ಶುರು ಮಾಡಿ, ಮೊದಲು ಮಗುಚಿ ಆಮೇಲೆ ಅದೇ ದಿಕ್ಕಿಗೆ ಅಷ್ಟೇ ತಿರುಗಿಸಿ. ನಂಬರ್‌ಗಳು ಬೇರೆ ಜಾಗಕ್ಕೆ ಬಂದಿರುತ್ತವೆ. ಹೀಗೆ ಒಂದಾದ ಮೇಲೊಂದು ಮಾಡಬಹುದಾದ ಈ 16 ಚಲನೆಗಳ ಕೂಟವೇ ಗ್ರೂಪ್. ಇದರೊಳಗೆ ಮೂರೇ ಚಲನೆ ಇರುವ ಸಬ್‌ಗ್ರೂಪ್ (ತಾನೇ ಒಂದು ಗ್ರೂಪ್ ಆಗುವ ಸಣ್ಣ ಕೂಟ) ಯಾಕೆ ಸಿಗುವುದಿಲ್ಲ ಅಂತ ಹುಡುಕಿ. ಉತ್ತರ ಹೇಳಿಬಿಡುವ ಲಗ್ರಾಂಜ್ ಥಿಯರಂ ನೋಡಬೇಡಿ, ರಟ್ಟು ತಿರುಗಿಸುತ್ತಾ ಹುಡುಕಿ.

ಮೂರನೇ ಸಂಜೆ ನ್ಯೂಮೆರಿಕಲ್ ಅನಾಲಿಸಿಸ್. 2ರ ವರ್ಗಮೂಲ ಬೇಕು. 1ರಿಂದ ಶುರು ಮಾಡಿ. ಕೈಲಿರುವ ಸಂಖ್ಯೆಗೆ, 2ನ್ನು ಅದರಿಂದ ಭಾಗಿಸಿದ್ದನ್ನು ಕೂಡಿಸಿ, ಅರ್ಧ ಮಾಡಿ. 1.5 ಬಂತು. ಮತ್ತೆ ಮಾಡಿ, 1.4167. ಮತ್ತೊಮ್ಮೆ, 1.4142. ಮೂರೇ ಹೆಜ್ಜೆ! ಇದನ್ನು ನೋಡಿದ ಕೂಡಲೇ ಕಂಪ್ಯೂಟರ್‌ನಲ್ಲಿ ಮಾಡಬೇಕು ಅನ್ನಿಸಿದರೆ ಈ ಪೇಪರ್ ನಿಮ್ಮದು.

ಉತ್ತರ ಪೂರ್ತಿ ಬರದಿದ್ದರೆ ಬೇಜಾರಾಗಬೇಡಿ. ಮರುದಿನ ಬಸ್ಸಿನಲ್ಲಿ ಕೂತಾಗ ಮೂರರಲ್ಲಿ ಯಾವುದು ತಲೆಯಲ್ಲಿ ಸುತ್ತುತ್ತಿತ್ತು, ಅದನ್ನು ತಗೊಳ್ಳಿ.

ನಾನು ಹಾಗೆ ಮಾಡಲಿಲ್ಲ. ಎಲ್ಲರೂ ಸ್ಕೋರಿಂಗ್ ಅಂದ ಪೇಪರ್ ತಗೊಂಡೆ, ಒಳ್ಳೆಯ ಮಾರ್ಕ್ಸೂ ಬಂತು. ಎಂಎಸ್ಸಿಯ ಮೊದಲ ಇಂಟರ್ನಲ್ಸ್‌ನಲ್ಲಿ ಕಂಟಿನ್ಯೂಟಿಯ (ಗ್ರಾಫ್ ಮುರಿಯದೆ ಇರುವುದರ) ಡೆಫಿನಿಷನ್ ಬಾಯಿಪಾಠದಿಂದ ಬರೆದೆ. ಎಪ್ಸಿಲಾನ್ (ಉತ್ತರದಲ್ಲಿ ಒಪ್ಪುವ ವ್ಯತ್ಯಾಸ) ಮತ್ತು ಡೆಲ್ಟಾ (ಅದಕ್ಕಾಗಿ ಎಕ್ಸ್‌ನಲ್ಲಿ ಬಿಡಬಹುದಾದ ವ್ಯತ್ಯಾಸ) ಹಿಂದುಮುಂದಾಗಿದ್ದವು, ನನಗೆ ಗೊತ್ತೇ ಆಗಲಿಲ್ಲ. ಆಮೇಲೆ ಒಬ್ಬರು ಸರ್ ಅದನ್ನು ಕನ್ನಡದಲ್ಲಿ ಹೇಳಿದರು: ‘ನೀನು ಎಷ್ಟು ಬೇಕೋ ಅಷ್ಟು ಸಣ್ಣ ಎಪ್ಸಿಲಾನ್ ಕೊಡು, ಅದಕ್ಕೆ ತಕ್ಕ ಡೆಲ್ಟಾ ನಾ ಹುಡುಕಿ ಕೊಡ್ತೀನಿ.’ ಮೊದಲು ಕೊಡುವವರು ಯಾರು, ಆಮೇಲೆ ಹುಡುಕುವವರು ಯಾರು ಅನ್ನುವುದು ಆವತ್ತು ತಿಳಿಯಿತು. ಆ ಒಂದು ಮಾತು ಬಿಎಸ್ಸಿಯಲ್ಲೇ ಸಿಕ್ಕಿದ್ದರೆ ನನಗೆ ಒಂದು ವರ್ಷ ಉಳಿಯುತ್ತಿತ್ತು. ಅದಕ್ಕೇ ಎಂಎಸ್ಸಿಗೆ ಹೋಗುವವರಿಗೆ ಹೇಳುವುದು, ಅನಾಲಿಸಿಸ್ ಮತ್ತು ಆಲ್ಜಿಬ್ರಾ ಎರಡನ್ನೂ ಡಿಗ್ರಿಯಲ್ಲೇ ಓದಿ. ಆದರೆ ಸಾಧ್ಯವಾದರೆ ಎರಡನ್ನೂ ಒಂದೇ ಸೆಮಿಸ್ಟರ್‌ನಲ್ಲಿ ಶುರು ಮಾಡಬೇಡಿ. ಪ್ರೂಫ್ ಬರೆಯುವ ಅಭ್ಯಾಸ ಆಗುವವರೆಗೆ ಒಂದೇ ಸಾಕು. ದಿನಕ್ಕೆ ಎರಡು ಮೂರು ತಾಸು ಬಸ್ಸಿನಲ್ಲೇ ಹೋಗುವವರಿಗಂತೂ ಎರಡು ಜಾಸ್ತಿ ಆಗುತ್ತದೆ.

ಐಐಟಿಯಲ್ಲಿ ಎಂಎಸ್ಸಿ ಮಾಡಬೇಕು ಅನ್ನುವವರು ಜ್ಯಾಮ್ ಪರೀಕ್ಷೆಯ ಸಿಲೆಬಸ್ ಪಕ್ಕದಲ್ಲಿಟ್ಟು ನೋಡಿ. ಮೂರು ಗಂಟೆ, 60 ಪ್ರಶ್ನೆ, 100 ಮಾರ್ಕ್ಸ್. ಅದರಲ್ಲಿ ಬಹುಪಾಲು ರಿಯಲ್ ಅನಾಲಿಸಿಸ್, ಮಲ್ಟಿವೇರಿಯಬಲ್ ಕ್ಯಾಲ್ಕುಲಸ್, ಡಿಫರೆನ್ಷಿಯಲ್ ಈಕ್ವೇಷನ್ಸ್, ಲೀನಿಯರ್ ಆಲ್ಜಿಬ್ರಾ, ಗ್ರೂಪ್ಸ್. ಕಾಂಪ್ಲೆಕ್ಸ್ ಅನಾಲಿಸಿಸ್ ಅಲ್ಲಿ ಬರುವುದಿಲ್ಲ, ಮುಂದೆ ಕಾಲೇಜು ಅಧ್ಯಾಪಕರಾಗಲು ನೆಟ್ ಪರೀಕ್ಷೆ ಬರೆಯುವಾಗ ಬೇಕಾಗುತ್ತದೆ. ಬಿಎಡ್ ಮಾಡಿ ಹೈಸ್ಕೂಲಿನಲ್ಲಿ ಕಲಿಸುವ ಆಸೆ ಇದ್ದವರಿಗೆ ನಂಬರ್ ಥಿಯರಿ ಬಹಳ ಒಳ್ಳೆಯದು. ಮಕ್ಕಳು ಕೇಳುವ ‘ಯಾಕೆ’ಗಳಿಗೆ ಉತ್ತರ ಅಲ್ಲಿ ಸಿಗುತ್ತದೆ. 9ರಿಂದ ಭಾಗ ಹೋಗುತ್ತದೋ ನೋಡಲು ಅಂಕಿಗಳನ್ನು ಯಾಕೆ ಕೂಡಿಸುತ್ತೇವೆ ಅನ್ನುವುದರಿಂದಲೇ ಶುರು ಮಾಡಬಹುದು.

ನಿಮಗೆ ಬೇಕಾದ ಪೇಪರ್ ನಿಮ್ಮ ಕಾಲೇಜಿನಲ್ಲಿ ಇಲ್ಲದಿದ್ದರೆ ಎನ್‌ಪಿಟಿಇಎಲ್ ಅನ್ನುವ ಆನ್‌ಲೈನ್ ತಾಣದಲ್ಲಿ ಪಾಠಗಳು ಉಚಿತವಾಗಿ ಸಿಗುತ್ತವೆ. ಸುಮ್ನೆ ನೋಡುತ್ತಾ ಕೂರಬೇಡಿ, ಪಕ್ಕದಲ್ಲಿ ನೋಟ್‌ಬುಕ್ ಇರಲಿ. ಎಲ್ಲಿ ಸಿಕ್ಕಿಹಾಕಿಕೊಂಡಿರೋ ಆ ಪುಟ ತೆರೆದುಕೊಂಡೇ ನಿಮ್ಮ ಮೇಷ್ಟ್ರ ಹತ್ತಿರ ಹೋಗಿ. ನನ್ನ ಹತ್ತಿರ ರಟ್ಟಿನ ನಕ್ಷತ್ರ ಹಿಡಿದುಕೊಂಡು ಬಂದವರನ್ನು ನಾನು ಎಷ್ಟು ಹೊತ್ತಾದರೂ ಕೂರಿಸಿಕೊಂಡಿದ್ದೇನೆ.