ಸ್ಟಾರ್ ಎಣಿಸುವ ಮೊದಲು ಗಂಟೆ ಎಣಿಸಿ: ವಿದ್ಯುತ್ ಉಳಿಸುವ ಸಾಧನಗಳ ಲಾಭವನ್ನು ಲೆಕ್ಕ ಹಾಕುವ ಬಗೆ

ದಸರಾ, ದೀಪಾವಳಿ, ಯುಗಾದಿಗಳ ರಿಯಾಯಿತಿಯ ಕಾಲದಲ್ಲಿ ಮೈಸೂರು, ಮಂಡ್ಯಗಳ ಯಾವ ಅಂಗಡಿಗೆ ಹೋದರೂ ಒಂದು ಮಾತು ಕೇಳಿಬರುತ್ತದೆ: ಐದು ಸ್ಟಾರ್‌ನದ್ದನ್ನೇ ತೆಗೆದುಕೊಳ್ಳಿ, ಹೆಚ್ಚು ಕೊಟ್ಟ ಹಣ ಕರೆಂಟ್ ಬಿಲ್ಲಿನಲ್ಲಿ ವಾಪಸು ಬರುತ್ತದೆ. ಈ ಮಾತು ಕೆಲವು ಸಾಧನಗಳ ಮಟ್ಟಿಗೆ ಪೂರ್ತಿ ನಿಜ, ಕೆಲವಕ್ಕೆ ಅರ್ಧ ನಿಜ, ಇನ್ನು ಕೆಲವಕ್ಕೆ ನಮ್ಮ ಕಡೆಯ ಹವೆಯಲ್ಲಿ ನಿಜವೇ ಅಲ್ಲ. ಯಾವುದು ಯಾವ ಗುಂಪಿಗೆ ಸೇರುತ್ತದೆ ಎಂಬುದನ್ನು ಸ್ಟಾರ್‌ಗಳ ಸಂಖ್ಯೆ ಹೇಳುವುದಿಲ್ಲ. ಆ ಸಾಧನ ನಿಮ್ಮ ಮನೆಯಲ್ಲಿ ವರ್ಷಕ್ಕೆ ಎಷ್ಟು ಗಂಟೆ ಓಡುತ್ತದೆ, ಮತ್ತು ಅದು ಉಳಿಸುವ ಯೂನಿಟ್‌ಗಳಿಂದ ನಿಮ್ಮ ಬಿಲ್ ನಿಜವಾಗಿ ಇಳಿಯುತ್ತದೆಯೇ ಎಂಬ ಎರಡು ಪ್ರಶ್ನೆಗಳು ಹೇಳುತ್ತವೆ. ಎರಡಕ್ಕೂ ಉತ್ತರ ಮನೆಯಲ್ಲೇ ಸಿಗುತ್ತದೆ.

ಮೊದಲು ಬಿಲ್ ಓದಿ

ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮದ ಹಿಂದಿನ ಹನ್ನೆರಡು ತಿಂಗಳ ಬಿಲ್‌ಗಳನ್ನು ತೆಗೆದಿಟ್ಟುಕೊಳ್ಳಿ. ಕಳೆದುಹೋಗಿದ್ದರೆ ಆರ್.ಆರ್. ಸಂಖ್ಯೆ ಅಥವಾ ಖಾತೆ ಸಂಖ್ಯೆಯ ಮೂಲಕ ವಿಚಾರಿಸಬಹುದು. ಬಿಲ್‌ನಲ್ಲಿ ಮಂಜೂರಾದ ಲೋಡಿಗೆ ತಕ್ಕಂತೆ ವಿಧಿಸುವ ನಿಗದಿತ ಶುಲ್ಕ ಬೇರೆ, ಬಳಸಿದ ಯೂನಿಟ್‌ಗಳ ಶುಲ್ಕ ಬೇರೆ. ಎಷ್ಟೇ ದಕ್ಷ ಸಾಧನ ತಂದರೂ ಮೊದಲನೆಯದು ಇಳಿಯುವುದಿಲ್ಲ; ಆದ್ದರಿಂದ ಬಿಲ್‌ನ ಒಟ್ಟು ಮೊತ್ತವನ್ನು ಯೂನಿಟ್‌ಗಳಿಂದ ಭಾಗಿಸಿ ದರ ಕಂಡುಕೊಳ್ಳುವುದು ತಪ್ಪು ಲೆಕ್ಕವಾಗುತ್ತದೆ. ಯೂನಿಟ್ ಶುಲ್ಕ, ಅದರ ಮೇಲಿನ ಹೆಚ್ಚುವರಿ ಶುಲ್ಕ ಮತ್ತು ತೆರಿಗೆ ಇಷ್ಟನ್ನು ಮಾತ್ರ ಹಿಡಿಯಬೇಕು. ಕೆಳಗಿನ ಉದಾಹರಣೆಗಳಲ್ಲಿ ಸುಲಭಕ್ಕೆಂದು ಯೂನಿಟ್‌ಗೆ 7 ರೂಪಾಯಿ ಎಂದು ಇಟ್ಟುಕೊಂಡಿದ್ದೇನೆ; ಆ ಜಾಗದಲ್ಲಿ ನಿಮ್ಮ ಬಿಲ್‌ನ ದರವನ್ನು ಹಾಕಿಕೊಳ್ಳಿ.

ಗೃಹ ಜ್ಯೋತಿ ಯೋಜನೆಯ ಮನೆಗಳಿಗೆ ಇಲ್ಲೊಂದು ಮುಖ್ಯ ತಿರುವಿದೆ, ಮತ್ತು ಸಾಧನ ಮಾರುವವರು ಇದನ್ನು ವಿವರಿಸುವುದು ಅಪರೂಪ. 2023ರಲ್ಲಿ ಜಾರಿಗೆ ಬಂದ ಈ ಯೋಜನೆಯಲ್ಲಿ 2022-23ನೇ ಸಾಲಿನ ಮಾಸಿಕ ಸರಾಸರಿ ಬಳಕೆಗೆ ಒಂದಿಷ್ಟು ಸೇರಿಸಿ ಪ್ರತಿ ಮನೆಗೂ ಉಚಿತ ಯೂನಿಟ್‌ಗಳ ಮಿತಿ ಗೊತ್ತುಮಾಡಲಾಗಿದೆ. ಆ ಮಿತಿಯೊಳಗಿದ್ದರೆ ಬಿಲ್ ಶೂನ್ಯ. ಮಿತಿ ದಾಟಿ 200 ಯೂನಿಟ್‌ನೊಳಗಿದ್ದರೆ ಹೆಚ್ಚಾದ ಯೂನಿಟ್‌ಗಳಿಗಷ್ಟೇ ಹಣ. 200 ದಾಟಿದರೆ ಆ ತಿಂಗಳ ಪೂರ್ತಿ ಬಿಲ್ ಕಟ್ಟಬೇಕು. ಹಾಗಾಗಿ ತಿಂಗಳಿಗೆ 90 ಯೂನಿಟ್ ಬಳಸಿ ಶೂನ್ಯ ಬಿಲ್ ಪಡೆಯುತ್ತಿರುವ ಮನೆಯವರು ಹಣ ಉಳಿಸುವ ಉದ್ದೇಶದಿಂದ ದುಬಾರಿ ಸಾಧನ ತಂದರೆ ಅವರಿಗೆ ಒಂದು ರೂಪಾಯಿಯೂ ಮರಳಿ ಬರುವುದಿಲ್ಲ. ಅದೇ 180 ಯೂನಿಟ್‌ನ ಮಿತಿಯಿರುವ ಮನೆ ಬೇಸಿಗೆಯಲ್ಲಿ 215 ಯೂನಿಟ್ ಬಳಸುತ್ತಿದ್ದರೆ, 200ರ ಗೆರೆಯಿಂದ ಕೆಳಗಿಳಿಸುವ ಹದಿನೈದಿಪ್ಪತ್ತು ಯೂನಿಟ್‌ಗಳ ಬೆಲೆ ತಿಂಗಳಿಗೆ ಸಾವಿರ ರೂಪಾಯಿಗೂ ಹೆಚ್ಚು. ಒಂದೇ ಫ್ಯಾನು, ಒಂದೇ ಉಳಿತಾಯ. ಎರಡು ಮನೆಗಳಲ್ಲಿ ಫಲ ಮಾತ್ರ ಪೂರ್ತಿ ಬೇರೆ. ನಿಮ್ಮ ಮನೆ ಇವೆರಡರ ನಡುವೆ ಎಲ್ಲಿದೆ ಎಂಬುದನ್ನು ತಿಳಿದ ಮೇಲೆಯೇ ಅಂಗಡಿಗೆ ಹೋಗಬೇಕು.

ಪಟ್ಟಿಯಲ್ಲಿ ನೋಡಬೇಕಾದದ್ದು

ಸಾಧನದ ಮೇಲೆ ಅಂಟಿಸಿರುವ ಸ್ಟಾರ್ ಪಟ್ಟಿಯನ್ನು (ಲೇಬಲ್) ಕೇಂದ್ರ ಸರ್ಕಾರದ ಬ್ಯೂರೋ ಆಫ್ ಎನರ್ಜಿ ಎಫಿಶಿಯೆನ್ಸಿ 2006ರಲ್ಲಿ ಆರಂಭಿಸಿತು. ಎಲ್ಲರ ಕಣ್ಣು ನಕ್ಷತ್ರಗಳ ಮೇಲೆ ಹೋದರೂ ಪಟ್ಟಿಯಲ್ಲಿ ಅದಕ್ಕಿಂತ ಉಪಯುಕ್ತವಾದ ಎರಡು ವಿವರಗಳಿವೆ. ಒಂದು, ಫ್ರಿಜ್ ಮತ್ತು ಎಸಿಗಳ ಪಟ್ಟಿಯ ಮೇಲೆ ಮುದ್ರಿಸಿರುವ ವಾರ್ಷಿಕ ಯೂನಿಟ್‌ಗಳ ಸಂಖ್ಯೆ. ಇನ್ನೊಂದು, ಆ ಪಟ್ಟಿ ಯಾವ ಅವಧಿಗೆ ಸೇರಿದ್ದು ಎಂಬ ವರ್ಷ. ಮಾನದಂಡವನ್ನು ಆಗಾಗ ಬಿಗಿಗೊಳಿಸುವುದರಿಂದ ಕೆಲವು ವರ್ಷಗಳ ಹಿಂದಿನ ಐದು ಸ್ಟಾರ್ ಸಾಧನ ಇಂದಿನ ಪಟ್ಟಿಯಲ್ಲಿ ಮೂರು ಅಥವಾ ನಾಲ್ಕಕ್ಕೆ ಇಳಿದಿರಬಹುದು. ರಿಯಾಯಿತಿಯಲ್ಲಿ ಹಳೆಯ ದಾಸ್ತಾನು ಮಾರುವಾಗ ಇದು ಮುಖ್ಯವಾಗುತ್ತದೆ. ಜೊತೆಗೆ, ಸ್ಟಾರ್ ಎಂಬುದು ಅದೇ ಗಾತ್ರದ, ಅದೇ ಬಗೆಯ ಸಾಧನಗಳೊಳಗಿನ ಹೋಲಿಕೆ. ಎರಡು ಬಾಗಿಲಿನ ದೊಡ್ಡ ಫ್ರಿಜ್ ಹೆಚ್ಚು ಸ್ಟಾರ್ ಪಡೆದಿದ್ದರೂ ಒಂದೇ ಬಾಗಿಲಿನ ಮೂರು ಸ್ಟಾರ್ ಫ್ರಿಜ್‌ಗಿಂತ ಹೆಚ್ಚು ಕರೆಂಟ್ ಎಳೆಯಬಹುದು. ನಾಲ್ಕು ಜನರ ಮನೆಗೆ ಎಷ್ಟು ದೊಡ್ಡದು ಬೇಕೆಂಬ ತೀರ್ಮಾನ ಸ್ಟಾರ್‌ಗಳ ತೀರ್ಮಾನಕ್ಕಿಂತ ಮೊದಲು ಆಗಬೇಕು.

ಮನೆಯಲ್ಲಿ ಈಗಿರುವ ಸಾಧನ ಎಷ್ಟು ಎಳೆಯುತ್ತಿದೆ ಎಂದು ತಿಳಿಯಲು ಯಾವ ಉಪಕರಣವನ್ನೂ ಕೊಳ್ಳಬೇಕಿಲ್ಲ. ಎಲೆಕ್ಟ್ರಾನಿಕ್ ಮೀಟರಿನಲ್ಲಿ ಒಂದು ಪುಟ್ಟ ಕೆಂಪು ದೀಪ ಮಿನುಗುತ್ತಿರುತ್ತದೆ. ಒಂದು ಯೂನಿಟ್‌ಗೆ ಎಷ್ಟು ಮಿನುಗು ಎಂಬುದು 1600 ಅಥವಾ 3200 ಎಂಬಂತೆ ಮೀಟರಿನ ಮುಖದ ಮೇಲೆಯೇ ಮುದ್ರಿತವಾಗಿರುತ್ತದೆ. ಉಳಿದದ್ದೆಲ್ಲವನ್ನೂ ಆರಿಸಿ ಒಂದು ಫ್ಯಾನ್ ಮಾತ್ರ ಹಾಕಿ, ಐದು ನಿಮಿಷದಲ್ಲಿ ದೀಪ ಎಷ್ಟು ಸಲ ಮಿನುಗುತ್ತದೆ ಎಂದು ಎಣಿಸಿ. 3200ರ ಮೀಟರಿನಲ್ಲಿ 20 ಸಲ ಮಿನುಗಿದರೆ ಗಂಟೆಗೆ 240 ಆಯಿತು. 240ನ್ನು 3200ರಿಂದ ಭಾಗಿಸಿದರೆ 0.075 ಯೂನಿಟ್; ಒಂದು ಯೂನಿಟ್ ಎಂದರೆ 1000 ವ್ಯಾಟ್ ಒಂದು ಗಂಟೆ ಓಡಿದಂತೆ, ಆದ್ದರಿಂದ ಇದು 75 ವ್ಯಾಟ್. ಫ್ರಿಜ್ ಮಾತ್ರ ನಿಂತು ನಿಂತು ಓಡುವುದರಿಂದ ಅದಕ್ಕೆ ಈ ಕ್ರಮ ಸಾಲದು. ಊರಿಗೆ ಹೋಗುವ ದಿನ ಫ್ರಿಜ್ ಒಂದನ್ನೇ ಬಿಟ್ಟು ಉಳಿದದ್ದನ್ನೆಲ್ಲ ಆರಿಸಿ, ಹೊರಡುವಾಗ ಮತ್ತು ಮರಳಿದಾಗ ಮೀಟರಿನ ರೀಡಿಂಗನ್ನು ಗಂಟೆಯ ಸಮೇತ ಬರೆದುಕೊಳ್ಳಿ. ಬಾಗಿಲು ತೆರೆಯದ ಕಾರಣ ಬರುವ ಸಂಖ್ಯೆ ನಿತ್ಯದ ಬಳಕೆಗಿಂತ ಸ್ವಲ್ಪ ಕಡಿಮೆಯೇ ಇರುತ್ತದೆ ಎಂಬುದನ್ನು ನೆನಪಿನಲ್ಲಿಡಿ.

ಫ್ಯಾನ್: ಮೊದಲು ಬದಲಿಸಬೇಕಾದದ್ದು

ಹಳೆಯ ಮಾದರಿಯ ಸೀಲಿಂಗ್ ಫ್ಯಾನ್ ಪೂರ್ತಿ ವೇಗದಲ್ಲಿ 70ರಿಂದ 80 ವ್ಯಾಟ್ ಎಳೆಯುತ್ತದೆ. ಬಿಎಲ್‌ಡಿಸಿ (ಬ್ರಶ್ ಇಲ್ಲದ ಡಿಸಿ) ಮೋಟಾರಿನ ಫ್ಯಾನ್ ಅಷ್ಟೇ ಗಾಳಿಗೆ 28ರಿಂದ 35 ವ್ಯಾಟ್ ಸಾಕೆನ್ನುತ್ತದೆ. ವ್ಯತ್ಯಾಸವನ್ನು 45 ವ್ಯಾಟ್ ಎಂದು ಹಿಡಿದು, ನಡುಮನೆಯ ಫ್ಯಾನ್ ವರ್ಷದಲ್ಲಿ 300 ದಿನ, ದಿನಕ್ಕೆ 12 ಗಂಟೆ ತಿರುಗುತ್ತದೆ ಎಂದುಕೊಂಡರೆ 3,600 ಗಂಟೆಗೆ 162 ಯೂನಿಟ್, ಅಂದರೆ ಸುಮಾರು 1,130 ರೂಪಾಯಿ ಉಳಿಯುತ್ತದೆ. ಎರಡು ಬಗೆಯ ಫ್ಯಾನ್‌ಗಳ ಬೆಲೆಯಲ್ಲಿ 1,500 ರೂಪಾಯಿ ಅಂತರವಿದ್ದರೂ ಒಂದೂವರೆ ವರ್ಷದೊಳಗೆ ಅದು ತೀರಿಹೋಗುತ್ತದೆ. ಮೇಲೆ ಹೇಳಿದ 215 ಯೂನಿಟ್‌ನ ಮನೆಯಲ್ಲಿ ಇಂಥ ಎರಡು ಫ್ಯಾನ್ ಹಾಕಿದರೆ ತಿಂಗಳಿಗೆ 32 ಯೂನಿಟ್ ಕಡಿಮೆಯಾಗಿ, 200ರ ಗೆರೆಯ ಕೆಳಗೆ ನೆಮ್ಮದಿಯಾಗಿ ಇಳಿಯುತ್ತದೆ. ಬೇಸಿಗೆಯ ಎರಡು ತಿಂಗಳಲ್ಲೇ ಫ್ಯಾನ್‌ಗಳ ಹೆಚ್ಚುವರಿ ಬೆಲೆ ಹಿಂದಿರುಗುವುದು ಅಲ್ಲಿ ಅಚ್ಚರಿಯಲ್ಲ.

ಆದರೆ ಅತಿಥಿಗಳ ಕೋಣೆಯಲ್ಲಿ ತಿಂಗಳಿಗೊಮ್ಮೆ ತಿರುಗುವ ಫ್ಯಾನನ್ನು ಬದಲಿಸಿ ಪ್ರಯೋಜನವಿಲ್ಲ. ಮನೆಯ ಎಲ್ಲ ಫ್ಯಾನ್‌ಗಳನ್ನೂ ಒಟ್ಟಿಗೆ ಬದಲಿಸಿ ಎಂಬ ಸಲಹೆಯನ್ನು ಒಪ್ಪಬೇಕಿಲ್ಲ. ಬಿಎಲ್‌ಡಿಸಿ ಫ್ಯಾನಿಗೆ ಗೋಡೆಯ ಹಳೆಯ ರೆಗ್ಯುಲೇಟರನ್ನು ಜೋಡಿಸಬಾರದು, ಎಲೆಕ್ಟ್ರಿಷಿಯನ್ ಬಂದಾಗ ಅದನ್ನು ಬೈಪಾಸ್ ಮಾಡಿಸಿ. ಇದರೊಳಗಿನ ಸರ್ಕ್ಯೂಟ್ ಬೋರ್ಡ್ ಕೆಟ್ಟರೆ ಬೀದಿಯ ಕೊನೆಯ ವೈಂಡಿಂಗ್ ಅಂಗಡಿಯಲ್ಲಿ ರಿಪೇರಿಯಾಗುವುದು ಕಷ್ಟ. ಆದ್ದರಿಂದ ಎಷ್ಟು ವರ್ಷದ ವಾರಂಟಿ ಇದೆ, ಅದು ಬೋರ್ಡಿಗೂ ಅನ್ವಯಿಸುತ್ತದೆಯೇ, ಸರ್ವೀಸ್ ಕೇಂದ್ರ ಊರಿನಲ್ಲೇ ಇದೆಯೇ ಎಂಬುದನ್ನು ಕೇಳಿ ತಿಳಿದುಕೊಳ್ಳಬೇಕು. ವೋಲ್ಟೇಜ್ ಏರಿಳಿತ ಹೆಚ್ಚಿರುವ ಹಳ್ಳಿಗಳಲ್ಲಿ ಈ ಪ್ರಶ್ನೆಗೆ ಇನ್ನೂ ಹೆಚ್ಚಿನ ತೂಕವಿದೆ.

ಬಲ್ಬಿನ ವಿಷಯಕ್ಕೆ ಹೆಚ್ಚು ಮಾತು ಬೇಡ: 60 ವ್ಯಾಟಿನ ಹಳೆಯ ಬಲ್ಬಿನ ಬೆಳಕನ್ನು 9 ವ್ಯಾಟಿನ ಎಲ್‌ಇಡಿ ಕೊಡುತ್ತದೆ, ಬೆಲೆಯೂ ಕಡಿಮೆ. ಚೋಕ್ ಇರುವ ಹಳೆಯ ಟ್ಯೂಬ್‌ಲೈಟ್ ಸುಟ್ಟಾಗ ಅದರ ಜಾಗಕ್ಕೆ ಎಲ್‌ಇಡಿ ಪಟ್ಟಿಯನ್ನೇ ಹಾಕಿಸಿ. ಟ್ಯೂಬಿನಲ್ಲಿ ಪಾದರಸವಿರುವುದರಿಂದ ಅದನ್ನು ಒಡೆಯದೆ ಬೇರೆಯಾಗಿ ಕೊಡಬೇಕು.

ಫ್ರಿಜ್ ಮತ್ತು ಎಸಿ

ಫ್ರಿಜ್ ದಿನದ ಇಪ್ಪತ್ತನಾಲ್ಕು ಗಂಟೆಯೂ ಚಾಲನೆಯಲ್ಲಿರುತ್ತದೆ, ಆದ್ದರಿಂದ ಅಲ್ಲಿ ಸ್ಟಾರ್‌ಗೆ ಬೆಲೆ ಇರಲೇಬೇಕು ಎನಿಸುತ್ತದೆ. ಆದರೆ ಒಂದೇ ಬಾಗಿಲಿನ ಹೊಸ ಫ್ರಿಜ್‌ಗಳು ಎಷ್ಟು ಕಡಿಮೆ ಎಳೆಯುತ್ತವೆಂದರೆ, ಮೂರು ಸ್ಟಾರ್‌ಗೂ ಐದು ಸ್ಟಾರ್‌ಗೂ ವರ್ಷಕ್ಕೆ 50 ಯೂನಿಟ್‌ನಷ್ಟು ಅಂತರವಿದ್ದರೆ ಉಳಿತಾಯ 350 ರೂಪಾಯಿ ಮಾತ್ರ. ಬೆಲೆಯ ಅಂತರ 3,000 ರೂಪಾಯಿಯಾದರೆ ಅದು ಮರಳಲು ಎಂಟೂವರೆ ವರ್ಷ ಬೇಕು. ಫ್ರಿಜ್ ಹದಿನೈದು ವರ್ಷ ಬಾಳಿದರೆ ಲಾಭ ಉಂಟು, ದೊಡ್ಡ ಲಾಭವಲ್ಲ. ನಿಜವಾದ ನಷ್ಟ ಆಗುವುದು ಬೇರೆಡೆ: ಹೊಸ ಫ್ರಿಜ್ ತಂದ ಮೇಲೂ ಹಳೆಯದನ್ನು ಹಿತ್ತಿಲಿನಲ್ಲೋ ಮಹಡಿಯ ಮೇಲೋ ನೀರಿನ ಬಾಟಲಿಗೆಂದು ಓಡಿಸುತ್ತಲೇ ಇರುವ ಮನೆಗಳಲ್ಲಿ. ಅಂಥಲ್ಲಿ ಹೊಸದರ ಎಲ್ಲ ಉಳಿತಾಯವನ್ನೂ ಹಳೆಯದು ತಿಂದುಹಾಕುತ್ತದೆ.

ಎಸಿಯ ವಿಷಯದಲ್ಲಿ ನಮ್ಮ ಊರಿನ ಹವೆಯನ್ನು ಮರೆತು ಲೆಕ್ಕ ಹಾಕುವುದು ಸಾಮಾನ್ಯ. ಎಸಿ ಪಟ್ಟಿಯ ಮೇಲಿರುವ ವಾರ್ಷಿಕ ಯೂನಿಟ್ ಸಂಖ್ಯೆಯನ್ನು ವರ್ಷಕ್ಕೆ 1,600 ಗಂಟೆಗಳ ಬಳಕೆಯ ಆಧಾರದ ಮೇಲೆ ಕೊಡಲಾಗಿದೆ. ರಾಯಚೂರು, ಕಲಬುರಗಿ, ಮಂಗಳೂರುಗಳಿಗೆ ಅದು ಹೊಂದಬಹುದು. ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರದ ಮೈಸೂರಿನಲ್ಲಿ ಕಡುಬೇಸಿಗೆಯಲ್ಲೂ ರಾತ್ರಿ ತಂಪಾಗುವುದುಂಟು. ಮಾರ್ಚ್ ಕೊನೆಯಿಂದ ಮುಂಗಾರುಪೂರ್ವ ಮಳೆ ಬೀಳುವವರೆಗೆ ಎರಡು ತಿಂಗಳು, ದಿನಕ್ಕೆ ಆರು ಗಂಟೆ ಎಂದರೂ ಆಗುವುದು 360 ಗಂಟೆ. ಒಂದೂವರೆ ಟನ್ನಿನ ಎರಡು ಎಸಿಗಳ ಪಟ್ಟಿಯಲ್ಲಿ 240 ಯೂನಿಟ್ ವ್ಯತ್ಯಾಸ ಕಂಡರೆ, ನಮ್ಮ ಬಳಕೆಗೆ ಅದು 54 ಯೂನಿಟ್, ಅಂದರೆ 378 ರೂಪಾಯಿಗೆ ಇಳಿಯುತ್ತದೆ. ಐದು ಸ್ಟಾರ್‌ಗೆಂದು 8,000 ರೂಪಾಯಿ ಹೆಚ್ಚು ಕೊಟ್ಟರೆ ಅದು ಮರಳಲು ಇಪ್ಪತ್ತು ವರ್ಷ ದಾಟುತ್ತದೆ. ಅಷ್ಟು ಕಾಲ ಎಸಿಯೇ ಬಾಳುವುದಿಲ್ಲ. ವರ್ಷವಿಡೀ ಎಸಿ ಹಾಕುವ ಕ್ಲಿನಿಕ್ಕಿಗೆ, ಕಚೇರಿಗೆ ಐದು ಸ್ಟಾರ್ ಸರಿ. ಮನೆಗೆ ಮೂರು ಸ್ಟಾರ್ ಸಾಕು, ಮತ್ತು ಹಣ ಉಳಿಸಲು ಬೇರೆ ದಾರಿಯಿದೆ: ಉಷ್ಣತೆಯನ್ನು ಒಂದು ಡಿಗ್ರಿ ಏರಿಸಿದರೆ ಸುಮಾರು ಶೇ. 6ರಷ್ಟು ವಿದ್ಯುತ್ ಉಳಿಯುತ್ತದೆ. 26 ಡಿಗ್ರಿಗೆ ಇಟ್ಟು ಫ್ಯಾನ್ ಹಾಕಿಕೊಂಡರೆ ಮೈಸೂರಿನ ಬೇಸಿಗೆಗೆ ಧಾರಾಳವಾಗಿ ಸಾಕು.

ಸ್ನಾನದ ನೀರು

ಹೆಚ್ಚಿನ ಮನೆಗಳಲ್ಲಿ ಅತಿ ದೊಡ್ಡ ಖರ್ಚು ಬಚ್ಚಲುಮನೆಯದು. ಇಪ್ಪತ್ತು ಲೀಟರ್ ನೀರನ್ನು 24 ಡಿಗ್ರಿಯಿಂದ 42 ಡಿಗ್ರಿಗೆ ಕಾಯಿಸಲು 0.42 ಯೂನಿಟ್ ಬೇಕೇ ಬೇಕು. ನಾಲ್ಕು ಜನಕ್ಕೆ ತಿಂಗಳಿಗೆ 50 ಯೂನಿಟ್. ಕಾಯಿಲ್ ಯಾವ ಕಂಪನಿಯದ್ದಾದರೂ ಕರೆಂಟನ್ನು ಬಹುತೇಕ ಪೂರ್ತಿಯಾಗಿ ಶಾಖವನ್ನಾಗಿಸುತ್ತದೆ, ಆದ್ದರಿಂದ ಗೀಸರ್ ಮೇಲಿನ ಸ್ಟಾರ್ ಹೇಳುವುದು ಕಾಯಿಸುವ ದಕ್ಷತೆಯನ್ನಲ್ಲ, ಕಾದ ನೀರು ಟ್ಯಾಂಕಿನಲ್ಲಿ ಸುಮ್ಮನೆ ನಿಂತಾಗ ಕಳೆದುಕೊಳ್ಳುವ ಶಾಖವನ್ನು ಮಾತ್ರ. ಒಬ್ಬರ ಹಿಂದೆ ಒಬ್ಬರು ಸ್ನಾನ ಮುಗಿಸಿ ಸ್ವಿಚ್ ಆರಿಸುವ ಮನೆಗೆ ಐದು ಸ್ಟಾರ್ ಗೀಸರಿನಿಂದ ಹೆಚ್ಚೇನೂ ಸಿಗದು. ಇಲ್ಲಿ ನಿಜವಾದ ಬದಲಾವಣೆ ತರುವುದು ಸೋಲಾರ್ ವಾಟರ್ ಹೀಟರ್. ನಮ್ಮಲ್ಲಿ ಬಿಸಿಲು ಧಾರಾಳ. ಜುಲೈ-ಆಗಸ್ಟ್‌ನ ಮೋಡದ ದಿನಗಳನ್ನು ಬಿಟ್ಟರೆ ವರ್ಷದ ಹೆಚ್ಚಿನ ಕಾಲ ಕರೆಂಟಿನ ಅಗತ್ಯವೇ ಬೀಳುವುದಿಲ್ಲ. ಹಾಕಲು ಇಪ್ಪತ್ತು ಸಾವಿರಕ್ಕೂ ಹೆಚ್ಚು ಖರ್ಚಾಗುವುದರಿಂದ ಹಣ ಹಿಂದಿರುಗಲು ಏಳೆಂಟು ವರ್ಷ ಹಿಡಿಯಬಹುದು, ಆದರೆ ಸ್ವಂತ ಮನೆಯವರು ಅಷ್ಟು ಕಾಯಬಲ್ಲರು. ಬೋರ್‌ವೆಲ್ ನೀರು ಗಡಸಾಗಿರುವ ಕಡೆ ಕೊಳವೆಗಳಲ್ಲಿ ಸುಣ್ಣದ ಪದರ ಕಟ್ಟುತ್ತದೆ, ಅದನ್ನು ಕಾಲಕಾಲಕ್ಕೆ ತೆಗೆಸದಿದ್ದರೆ ಈ ಲೆಕ್ಕ ಕೆಡುತ್ತದೆ.

ಮಿಕ್ಸಿ, ಇಸ್ತ್ರಿಪೆಟ್ಟಿಗೆಗಳು ದಿನಕ್ಕೆ ಕೆಲವೇ ನಿಮಿಷ ಓಡುವುದರಿಂದ ಅವುಗಳ ದಕ್ಷತೆಯ ಚಿಂತೆ ಬಿಡಬಹುದು. ವಾಷಿಂಗ್ ಮೆಷಿನ್ನಿನಲ್ಲಿ ತಣ್ಣೀರಿನ ಆಯ್ಕೆಯನ್ನೇ ಬಳಸಿ. ಸಂಪಿನಿಂದ ಟ್ಯಾಂಕಿಗೆ ನೀರೆತ್ತುವ ಪಂಪ್ ಮೊದಲಿಗಿಂತ ಹೆಚ್ಚು ಹೊತ್ತು ಓಡುತ್ತಿದ್ದರೆ ಹೊಸದನ್ನು ಕೊಳ್ಳುವ ಮೊದಲು ಫುಟ್‌ವಾಲ್ವ್ (ನೀರೆಳೆಯುವ ಕೊಳವೆಯ ತಳದ ಕವಾಟ) ಸೋರುತ್ತಿದೆಯೇ ಎಂದು ನೋಡಿಸಿ.

ಪರಿಸರದ ಲೆಕ್ಕ

ಮಂಡ್ಯ ಜಿಲ್ಲೆಯ ಶಿವನಸಮುದ್ರದಿಂದ 1902ರಲ್ಲೇ ಕೋಲಾರದ ಚಿನ್ನದ ಗಣಿಗಳಿಗೆ ಜಲವಿದ್ಯುತ್ ಹರಿದಿತ್ತು. ಹಾಗಾಗಿ ನಮ್ಮದು ನೀರಿನ ಕರೆಂಟು, ಅದರಿಂದ ಹೊಗೆಯಿಲ್ಲ ಎಂಬ ಭಾವನೆ ಈ ಭಾಗದಲ್ಲಿ ಉಳಿದುಬಂದಿದೆ. ಆದರೆ ಇಂದು ಮನೆಗೆ ಬರುವುದು ಇಡೀ ಗ್ರಿಡ್ಡಿನ ವಿದ್ಯುತ್ತು. ಅದರಲ್ಲಿ ಪಾವಗಡದ ಬಿಸಿಲೂ ಇದೆ, ಶರಾವತಿಯ ನೀರೂ ಇದೆ, ರಾಯಚೂರು ಮತ್ತು ಬಳ್ಳಾರಿಯ ಕಲ್ಲಿದ್ದಲೂ ಇದೆ. ದೇಶದ ಸರಾಸರಿಯಲ್ಲಿ ಒಂದು ಯೂನಿಟ್‌ಗೆ ಸುಮಾರು 0.7 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಸೂರ್ಯ ಮುಳುಗಿದ ಮೇಲೆ ಸೌರವಿದ್ಯುತ್ ಇಲ್ಲದಾಗುವುದರಿಂದ ಸಂಜೆ, ರಾತ್ರಿಯ ಉಳಿತಾಯಕ್ಕೆ ಹೆಚ್ಚು ಬೆಲೆ. ರಾತ್ರಿಯಿಡೀ ತಿರುಗುವ ಫ್ಯಾನ್ ಇಲ್ಲೂ ಮೊದಲ ಸ್ಥಾನದಲ್ಲಿ ನಿಲ್ಲುತ್ತದೆ. ಅದರ 162 ಯೂನಿಟ್ ಉಳಿತಾಯವೆಂದರೆ ವರ್ಷಕ್ಕೆ ಸುಮಾರು 113 ಕಿಲೋ ಇಂಗಾಲದ ಡೈಆಕ್ಸೈಡ್ ತಪ್ಪಿದಂತೆ. ಶೂನ್ಯ ಬಿಲ್‌ನ ಮನೆಗೂ ಈ ಲೆಕ್ಕ ಅನ್ವಯಿಸುತ್ತದೆ: ಹಣ ಉಳಿಯದಿದ್ದರೂ ಕಲ್ಲಿದ್ದಲು ಉಳಿಯುತ್ತದೆ, ಮತ್ತು ಅದಕ್ಕೆಂದೇ ಫ್ಯಾನ್ ಬದಲಿಸುವವರ ನಿರ್ಧಾರವನ್ನು ನಾನು ಮನಸಾರೆ ಗೌರವಿಸುತ್ತೇನೆ.

ಈ ಲಾಭವನ್ನು ಒಂದೇ ಗಳಿಗೆಯಲ್ಲಿ ಅಳಿಸಿಹಾಕುವ ಜಾಗವೊಂದಿದೆ, ಅದು ಗುಜರಿ. ಹಳೆಯ ಫ್ರಿಜ್‌ಗಳಲ್ಲಿರುವ ಆರ್-134ಎ ಎಂಬ ಅನಿಲ ಇಂಗಾಲದ ಡೈಆಕ್ಸೈಡಿಗಿಂತ 1,300 ಪಟ್ಟಾದರೂ ಹೆಚ್ಚು ಭೂಮಿಯನ್ನು ಬಿಸಿಯಾಗಿಸುತ್ತದೆ. ತಾಮ್ರಕ್ಕಾಗಿ ಕೊಳವೆ ಕತ್ತರಿಸಿದಾಗ ನೂರು ಗ್ರಾಂ ಅನಿಲ ಗಾಳಿಗೆ ಸೇರಿದರೂ ಫ್ಯಾನಿನ ಇಡೀ ವರ್ಷದ ಉಳಿತಾಯ ಅಲ್ಲಿಗೆ ಮುಗಿಯಿತು. ಆದ್ದರಿಂದ ಹಳೆಯ ಫ್ರಿಜ್, ಎಸಿಗಳನ್ನು ತಳ್ಳುಗಾಡಿಯವರಿಗೆ ಹಾಕದೆ, ಹೊಸದನ್ನು ಕೊಳ್ಳುವಾಗ ವಿನಿಮಯಕ್ಕೆ ಕೊಟ್ಟು, ಅದು ನೋಂದಾಯಿತ ಇ-ತ್ಯಾಜ್ಯ ಘಟಕಕ್ಕೆ ಹೋಗುತ್ತದೆಯೇ ಎಂದು ಕೇಳಿ. 2023ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳು ಮರುಬಳಕೆಯ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ, ಹಾಗಾಗಿ ಇದು ಗಿರಾಕಿ ಕೇಳಬಹುದಾದ ನ್ಯಾಯವಾದ ಪ್ರಶ್ನೆ. ಹೊಸದಾಗಿ ಕೊಳ್ಳುವ ಫ್ರಿಜ್‌ನಲ್ಲಿ ಆರ್-600ಎ ಅನಿಲವಿದೆಯೇ ಎಂದೂ ನೋಡಿ. ಅದರ ಬಿಸಿಯೇರಿಸುವ ಗುಣ ತೀರಾ ಕಡಿಮೆ. ಹೊಸ ಸಾಧನದ ತಯಾರಿಕೆಗೂ ಉಕ್ಕು, ತಾಮ್ರ, ಪ್ಲಾಸ್ಟಿಕ್, ಕರೆಂಟ್ ಖರ್ಚಾಗಿರುತ್ತವೆ. ಆರೇಳು ವರ್ಷದ, ಚೆನ್ನಾಗಿ ನಡೆಯುತ್ತಿರುವ ಫ್ರಿಜ್ಜನ್ನು ಸ್ಟಾರ್ ಸಾಲದೆಂದು ಹೊರಹಾಕುವುದು ಜೇಬಿಗೂ ಪರಿಸರಕ್ಕೂ ನಷ್ಟ. ಬಾಗಿಲಿನ ರಬ್ಬರ್ ಸಡಿಲವಾಗಿದ್ದರೆ ಅದನ್ನಷ್ಟೇ ಬದಲಿಸಿ.

ಸಾಧನ ಬದಲಿಸಿದ ಮೇಲೆ ಫಲವನ್ನು ಹಿಂದಿನ ತಿಂಗಳಿನ ಬಿಲ್‌ನೊಡನೆ ಹೋಲಿಸಬೇಡಿ. ಏಪ್ರಿಲ್‌ಗಿಂತ ಜುಲೈನಲ್ಲಿ ಬಳಕೆ ಹೇಗೂ ಇಳಿಯುತ್ತದೆ, ಅದರ ಶ್ರೇಯ ಮಳೆಗೆ ಸೇರಬೇಕೇ ಹೊರತು ಫ್ಯಾನಿಗಲ್ಲ. ಕಳೆದ ವರ್ಷದ ಅದೇ ತಿಂಗಳ ಯೂನಿಟ್‌ಗಳನ್ನು ತೆಗೆದು, ಬಿಲ್‌ನ ದಿನಗಳ ಸಂಖ್ಯೆ ಎರಡರಲ್ಲೂ ಒಂದೇ ಇದೆಯೇ ಎಂದು ನೋಡಿಕೊಂಡು, ರೂಪಾಯಿಗಳನ್ನಲ್ಲ, ಯೂನಿಟ್‌ಗಳನ್ನೇ ಹೋಲಿಸಿ. ದರ ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ. ಯೂನಿಟ್ ಇಳಿಯದಿದ್ದರೆ ಮತ್ತೆ ಮೀಟರಿನ ಕೆಂಪು ದೀಪವನ್ನು ಎಣಿಸಿ, ಎಲ್ಲವನ್ನೂ ಆರಿಸಿದ ಮೇಲೂ ಅದು ಮಿನುಗುತ್ತಿದೆಯೇ ಎಂದು ಪರೀಕ್ಷಿಸಿ. ಮಿನುಗುತ್ತಿದ್ದರೆ ಸೆಟ್‌ಟಾಪ್ ಬಾಕ್ಸ್, ಯುಪಿಎಸ್‌ಗಳಂಥ ಸದಾ ಎಚ್ಚರವಿರುವ ಸಾಧನಗಳನ್ನು ಒಂದೊಂದಾಗಿ ಕಿತ್ತು ನೋಡಿ. ಆಗಲೂ ನಿಲ್ಲದಿದ್ದರೆ ವೈರಿಂಗಿನಲ್ಲಿ ಸೋರಿಕೆ ಇರಬಹುದು, ಅದನ್ನು ತಡಮಾಡದೆ ಪರವಾನಗಿ ಇರುವ ಎಲೆಕ್ಟ್ರಿಷಿಯನ್‌ಗೆ ತೋರಿಸಬೇಕು.