ಕೈ ಕಟ್ಟಿ ಕೂರುವುದನ್ನು ಕಲಿತ ಬಗೆ

ಸಕಲೇಶಪುರ ತಾಲ್ಲೂಕಿನ ಕಾಫಿ ತೋಟವೊಂದರ ಲೈನ್ ಮನೆಗೆ, ಅಂದರೆ ಕೂಲಿಕಾರರ ಸಾಲುಮನೆಗೆ, ವಿಶೇಷ ಶಿಕ್ಷಕಿಯಾದ ನಾನು ಆಗ ಪ್ರತಿ ಗುರುವಾರ ಹೋಗುತ್ತಿದ್ದೆ. ಸೆರೆಬ್ರಲ್ ಪಾಲ್ಸಿ (ಮೆದುಳಿಗಾದ ಹಾನಿಯಿಂದ ಮೈಯ ಚಲನೆಗೆ ತೊಡಕಾಗುವ ಸ್ಥಿತಿ) ಇದ್ದ ಎರಡು ವರ್ಷದ ಹೆಣ್ಣುಮಗು. ಕತ್ತು ನಿಂತಿತ್ತು, ಸೊಂಟ ಇನ್ನೂ ನಿಂತಿರಲಿಲ್ಲ, ಕಾಲುಗಳೆರಡೂ ಕತ್ತರಿಯಂತೆ ಒಂದರ ಮೇಲೊಂದು ಬಿಗಿದುಕೊಳ್ಳುತ್ತಿದ್ದವು. ನಾನು ಹಾಸನದಿಂದ ಬೆಳಗಿನ ಬಸ್ಸು ಹಿಡಿದು, ಮುಖ್ಯರಸ್ತೆಯಲ್ಲಿ ಇಳಿದು, ಎರಡು ಕಿಲೋಮೀಟರ್ ನಡೆದು ತಲುಪುವಷ್ಟರಲ್ಲಿ ತಾಯಿ ಮಗುವಿಗೆ ಸ್ನಾನ ಮಾಡಿಸಿ, ಚಾಪೆ ಹಾಸಿ, ಅದರ ಮೇಲೆ ಮಲಗಿಸಿ ಸಿದ್ಧವಾಗಿರುತ್ತಿದ್ದರು. ನಾನು ಚೀಲದಿಂದ ಗಿಲಕಿ, ಬಣ್ಣದ ಚೆಂಡು, ಉರುಳು ದಿಂಬು ತೆಗೆದು ಮಗುವಿನ ಎದುರು ಕೂತ ಕೂಡಲೇ ಅವರು ಪಾತ್ರೆ ತೊಳೆಯಲು ಹಿತ್ತಲಿಗೆ ಹೋಗುತ್ತಿದ್ದರು. ಮುಕ್ಕಾಲು ಗಂಟೆ ಕಳೆದು ನಾನು ಚೀಲ ಕಟ್ಟಿದಾಗ ಒಳಗೆ ಬಂದು, ಕಾಫಿ ಕೊಟ್ಟು, ಮಗುವನ್ನು ಎತ್ತಿಕೊಳ್ಳುತ್ತಿದ್ದರು. ನಾಲ್ಕು ತಿಂಗಳು ಹೀಗೆ ನಡೆಯಿತು. ಆ ಅವಧಿಯ ನನ್ನ ವರದಿಯಲ್ಲಿ ‘ತಾಯಿಯ ಸಹಕಾರ ಕಡಿಮೆ’ ಎಂಬ ಸಾಲೊಂದಿದೆ. ಅದನ್ನು ಇಂದು ಓದಿದರೆ ನಾಚಿಕೆಯಾಗುತ್ತದೆ, ಏಕೆಂದರೆ ಆ ತಾಯಿಯನ್ನು ಹಿತ್ತಲಿಗೆ ಕಳುಹಿಸಿದವಳು ನಾನೇ.

ನನಗೆ ತರಬೇತಿಯ ಕೊರತೆ ಇತ್ತೆಂದು ಹೇಳುವಂತಿಲ್ಲ. ವಿಶೇಷ ಶಿಕ್ಷಣದಲ್ಲಿ ಡಿಪ್ಲೊಮಾ ಮುಗಿಸಿ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಣಿ ಮಾಡಿಸಿದ್ದೆ. ನೋಂದಣಿಯ ನವೀಕರಣಕ್ಕೆ ಬೇಕಾದ ಸಿ.ಆರ್.ಇ. (ನಿರಂತರ ಪುನರ್ವಸತಿ ಶಿಕ್ಷಣ) ಅಂಕಗಳಿಗಾಗಿ ವರ್ಷ ವರ್ಷವೂ ಬೆಂಗಳೂರು, ಮೈಸೂರುಗಳ ಸಭಾಂಗಣಗಳಲ್ಲಿ ಕೂತು ಬರುತ್ತಿದ್ದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಅಂಗವೈಕಲ್ಯಗಳನ್ನು ತಪ್ಪಿಲ್ಲದೆ ಹೇಳಬಲ್ಲವಳಾಗಿದ್ದೆ. ಆ ತರಬೇತಿಗಳು ವ್ಯರ್ಥವೆಂದು ನಾನು ಭಾವಿಸುವುದಿಲ್ಲ. ಅವಧಿಗೆ ಮೊದಲೇ ಹುಟ್ಟಿದ ಮಗುವಿನ ಬೆಳವಣಿಗೆಯನ್ನು ಎರಡು ವರ್ಷ ತುಂಬುವವರೆಗೆ ಹುಟ್ಟಿದ ದಿನದಿಂದಲ್ಲ, ಹುಟ್ಟಬೇಕಾಗಿದ್ದ ದಿನದಿಂದ ಎಣಿಸಬೇಕೆಂಬುದು ನನ್ನ ತಲೆಗೆ ಹೊಕ್ಕಿದ್ದು ಅಂಥ ಒಂದು ಸಭಾಂಗಣದಲ್ಲಿಯೇ. ಅದಕ್ಕೆ ಮೊದಲು ಎರಡು ತಿಂಗಳು ಮುಂಚೆ ಹುಟ್ಟಿದ ಮಗುವೊಂದಕ್ಕೆ ‘ಬೆಳವಣಿಗೆ ಕುಂಠಿತ’ ಎಂದು ಬರೆದು ಅದರ ಅಜ್ಜಿ ಅತ್ತದ್ದನ್ನು ನೋಡಿದ್ದೆ. ಮಗುವಿನ ಬಗೆಗಿನ ತಿಳಿವಳಿಕೆ ಹೀಗೆ ಕೂತು ಕೇಳಿದರೂ ಹೆಚ್ಚುತ್ತದೆ. ಮನೆಯೊಳಗೆ ಹೋಗಿ ಕೂತಾಗ ನನ್ನ ಕೈ, ನನ್ನ ಮಾತು, ನನ್ನ ಕಣ್ಣು ಏನು ಮಾಡುತ್ತವೆ ಎಂಬುದು ಮಾತ್ರ ಎಷ್ಟು ಸ್ಲೈಡು ನೋಡಿದರೂ ಬದಲಾಗಿರಲಿಲ್ಲ. ಅದನ್ನು ಯಾರೂ ನೋಡಿಯೇ ಇರಲಿಲ್ಲ.

ನೋಡುವವರು ಸಿಕ್ಕಿದ್ದು ಆಕಸ್ಮಿಕವಾಗಿ. ನಮ್ಮ ಸಂಸ್ಥೆಗೆ ತಿಂಗಳಿಗೊಮ್ಮೆ ಬರುತ್ತಿದ್ದ ಹಿರಿಯ ಫಿಸಿಯೋಥೆರಪಿಸ್ಟ್ ಒಬ್ಬರು ಒಂದು ಗುರುವಾರ ನನ್ನೊಡನೆ ಆ ಲೈನ್ ಮನೆಗೆ ಬಂದರು. ಮುಕ್ಕಾಲು ಗಂಟೆಯೂ ಗೋಡೆಗೊರಗಿ ಸುಮ್ಮನೆ ಕೂತಿದ್ದರು. ಹಿಂದಿರುಗುವ ದಾರಿಯಲ್ಲಿ, “ನೀವು ಚೆನ್ನಾಗಿಯೇ ಮಾಡಿದಿರಿ. ಆದರೆ ನಾಳೆ ಬೆಳಿಗ್ಗೆ ಆ ಮಗುವನ್ನು ಯಾರು ಎತ್ತುತ್ತಾರೆ, ಹೇಗೆ ಎತ್ತುತ್ತಾರೆ?” ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ. ಮಗು ದಿನಕ್ಕೆ ಹನ್ನೆರಡು ಗಂಟೆ ಎಚ್ಚರವಿರುತ್ತದೆ ಎಂದುಕೊಂಡರೆ ವಾರಕ್ಕೆ 84 ಗಂಟೆಯಾಯಿತು, ಅದರಲ್ಲಿ ನನ್ನದು ಮುಕ್ಕಾಲು ಗಂಟೆ ಎಂದು ಅವರು ಅಲ್ಲಿಯೇ ಲೆಕ್ಕ ಹಾಕಿ ತೋರಿಸಿದರು. ಈ ಲೆಕ್ಕ ನನಗೆ ಹೊಸದಾಗಿರಬಾರದಿತ್ತು. ಡಿಪ್ಲೊಮಾ ಓದುವಾಗ ನಾವು ಬಳಸುತ್ತಿದ್ದ, ಮಗುವಿನ ಬೆಳವಣಿಗೆಯ ಹಂತಗಳನ್ನು ಗುರುತಿಸುವ ಪೋರ್ಟೇಜ್ ಪಟ್ಟಿ ಹುಟ್ಟಿದ್ದೇ 1969ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಹಳ್ಳಿಗಾಡಿನಲ್ಲಿ, ವಾರಕ್ಕೊಮ್ಮೆ ಮಾತ್ರ ಮನೆಗೆ ಹೋಗಲು ಸಾಧ್ಯವಿರುವವರು ಉಳಿದ ದಿನಗಳಿಗಾಗಿ ತಂದೆತಾಯಿಗೇ ಕಲಿಸಿ ಬರಬೇಕೆಂಬ ಕಾರಣದಿಂದ. ನಾನು ಪಟ್ಟಿಯನ್ನು ಬಾಯಿಪಾಠ ಮಾಡಿ ಕಾರಣವನ್ನು ಬಿಟ್ಟಿದ್ದೆ.

ಆ ತಿಂಗಳಿಂದ ನಾವು ಐವರು ಸೇರಿ ಒಂದು ಕ್ರಮ ಮಾಡಿಕೊಂಡೆವು. ನಾನು, ಇನ್ನೊಬ್ಬ ವಿಶೇಷ ಶಿಕ್ಷಕಿ, ಆ ಫಿಸಿಯೋಥೆರಪಿಸ್ಟ್, ಒಬ್ಬ ವಾಕ್ ಚಿಕಿತ್ಸಕಿ, ತಾಲ್ಲೂಕಿನ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರೊಬ್ಬರು. ಪ್ರತಿಯೊಬ್ಬರೂ ತಿಂಗಳಿಗೆ ಒಂದು ಮನೆಭೇಟಿಯ ಹತ್ತು ನಿಮಿಷವನ್ನು ಮೊಬೈಲಿನಲ್ಲಿ ಚಿತ್ರೀಕರಿಸಿ ತರಬೇಕು, ಅದನ್ನು ಐವರೂ ಕೂಡಿ ನೋಡಬೇಕು. ತಾಯಿಗೆ ಮೊದಲೇ ವಿವರಿಸಿ ಒಪ್ಪಿಗೆ ಪಡೆಯಬೇಕು, ಯಾವ ವಾಟ್ಸ್‌ಆ್ಯಪ್ ಗುಂಪಿಗೂ ಹಾಕಬಾರದು, ನೋಡಿ ಮುಗಿದ ದಿನವೇ ಅಳಿಸಬೇಕು ಎಂಬ ಷರತ್ತುಗಳನ್ನು ಬರೆದು ಸಹಿ ಹಾಕಿಕೊಂಡೆವು. ಇನ್ನೊಂದು ಷರತ್ತು ವಾಕ್ ಚಿಕಿತ್ಸಕಿಯ ಸಲಹೆ, ಅದೇ ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದದ್ದು: ‘ಚೆನ್ನಾಗಿತ್ತು’, ‘ಚೆನ್ನಾಗಿರಲಿಲ್ಲ’ ಎನ್ನುವಂತಿಲ್ಲ, ಎಣಿಸಬಹುದಾದದ್ದನ್ನು ಮಾತ್ರ ಹೇಳಬೇಕು.

ನನ್ನ ಮೊದಲ ಚಿತ್ರಿಕೆಯ ಹತ್ತು ನಿಮಿಷದಲ್ಲಿ ತಾಯಿಯ ಕೈ ಮಗುವನ್ನು ಮುಟ್ಟಿದ್ದು ಒಂದೇ ಸಲ, ಮೂಗು ಒರೆಸಲು. ನಾನು ತಾಯಿಗೆ ಕೇಳಿದ ಪ್ರಶ್ನೆಗಳು ಎರಡು. ಎರಡಕ್ಕೂ ಹೌದು ಅಥವಾ ಇಲ್ಲ ಎನ್ನುವುದನ್ನು ಬಿಟ್ಟರೆ ಬೇರೆ ಉತ್ತರವಿರಲಿಲ್ಲ. ಮಗುವಿಗೆ ‘ಜಾಣೆ, ಜಾಣೆ’ ಎಂದದ್ದು ಹದಿನಾಲ್ಕು ಸಲ, ತಾಯಿಗೆ ಒಮ್ಮೆಯೂ ಇಲ್ಲ. ಯಾರೂ ನನ್ನನ್ನು ಬಯ್ಯಲಿಲ್ಲ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮುಂದಿನ ಗುರುವಾರ ಚೀಲವನ್ನು ಹಾಸನದಲ್ಲೇ ಬಿಟ್ಟು ಹೋದೆ. ತಾಯಿ ಗಾಬರಿಗೊಂಡರು. “ಇವತ್ತು ಥೆರಪಿ ಇಲ್ವಾ ಮೇಡಂ?” ಎಂದರು. ಇಂದು ನಿಮ್ಮ ಕೆಲಸವನ್ನು ನೋಡಲು ಬಂದಿದ್ದೇನೆ ಎಂದಾಗ ಅವರು ಹೇಳಿದ ಮಾತು ನನ್ನ ನಾಲ್ಕು ತಿಂಗಳ ಮೇಲೆ ಬೆಳಕು ಚೆಲ್ಲಿತು: “ನೀವು ಓದಿರೋರು, ನಿಮ್ ಕೈಲಾದ್ರೆ ಸರಿಯಾಗ್ ಆಗುತ್ತೆ. ನಾನು ಮುಟ್ಟಿ ಮೂಳೆ ಗೀಳೆ ಏನಾದ್ರೂ ಆದ್ರೆ ಯಾರನ್ನ ಕೇಳ್ಲಿ?” ನಾನು ಅಸಹಕಾರವೆಂದು ಬರೆದಿದ್ದು ಹೆದರಿಕೆಯಾಗಿತ್ತು. ನನ್ನ ಬಣ್ಣದ ಚೆಂಡು, ಉರುಳು ದಿಂಬುಗಳೇ ಆ ಹೆದರಿಕೆಯನ್ನು ಬೆಳೆಸಿದ್ದವು, ಏಕೆಂದರೆ ಅವು ಆ ಮನೆಯಲ್ಲಿ ಇರಲಿಲ್ಲ. ಇಲ್ಲದ ವಸ್ತುವಿನಿಂದ ನಡೆಯುವ ಕೆಲಸ ತನ್ನದಲ್ಲವೆಂದು ಯಾರಿಗಾದರೂ ಅನ್ನಿಸುತ್ತದೆ.

ಅಂದು ಕೈ ಕಟ್ಟಿ ಕೂತೆ. ಅವರು ಮಗುವನ್ನು ಎತ್ತಿ ಭುಜಕ್ಕೊರಗಿಸಿಕೊಂಡರು; ನೆಟ್ಟಗೆ ಹಿಡಿದೊಡನೆ ಮೈಯೆಲ್ಲ ಸೆಟೆದು ಕಾಲುಗಳು ಮತ್ತೆ ಕತ್ತರಿಯಾದವು. ನಿಮ್ಮ ದೊಡ್ಡ ಮಗನನ್ನು ಈ ವಯಸ್ಸಿನಲ್ಲಿ ಹೇಗೆ ಎತ್ತುತ್ತಿದ್ದಿರಿ ಎಂದು ಕೇಳಿದೆ. ಸೊಂಟದ ಮೇಲೆ ಎಂದರು. ಇವಳನ್ನು ಹಾಗೆ ಕೂರಿಸಲು ಕಾಲು ಬಿಡಿಸಬೇಕಾಗುತ್ತದೆ, ಅದಕ್ಕೇ ಹೆದರಿಕೆ. ಮಗುವಿನ ತೊಡೆಗಳನ್ನು ಹೊಟ್ಟೆಯ ಕಡೆಗೆ ನಿಧಾನವಾಗಿ ಮಡಿಸಿದರೆ ಬಿಗಿ ತಾನೇ ಸಡಿಲುತ್ತದೆ, ಆಮೇಲೆ ಮಂಡಿಗಳನ್ನು ಅಗಲಿಸುವುದು ಸುಲಭ ಎಂದು ನನ್ನ ತೊಡೆಯ ಮೇಲೆ ಬಟ್ಟೆಯ ಗಂಟನ್ನಿಟ್ಟು ತೋರಿಸಿದೆ; ಮಗುವನ್ನು ಮುಟ್ಟಲಿಲ್ಲ. ಅವರು ಎರಡು ಸಲ ತಡವರಿಸಿ ಮೂರನೆಯ ಸಲ ಮಡಿಸಿ, ಬಿಡಿಸಿ, ಸೊಂಟದ ಮೇಲೆ ಕೂರಿಸಿಕೊಂಡರು. ನಮ್ಮ ಕಡೆಯ ಹೆಂಗಸರು ತಲೆತಲಾಂತರದಿಂದ ಮಕ್ಕಳನ್ನು ಎತ್ತುವ ಈ ರೀತಿಯೇ ಕತ್ತರಿ ಕಾಲಿನ ಮಗುವಿಗೆ ದಿನವಿಡೀ ಸಿಗಬಹುದಾದ ಒಳ್ಳೆಯ ಚಿಕಿತ್ಸೆ. ನೀರು ತರುವಾಗ, ಒಲೆಯ ಮುಂದೆ, ಅಂಗಡಿಗೆ ಹೋಗುವಾಗ, ದಿನಕ್ಕೆ ಎಷ್ಟು ಸಲ ಎತ್ತುತ್ತಾರೋ ಅಷ್ಟು ಸಲ ಅದು ನಡೆಯುತ್ತದೆ. ನನ್ನ ಉರುಳು ದಿಂಬು ವಾರಕ್ಕೊಮ್ಮೆ ಮಾಡುತ್ತಿದ್ದುದೂ ಇದನ್ನೇ.

ಊಟದ ವಿಷಯದಲ್ಲಿ ಕಲಿತದ್ದು ಇನ್ನೂ ಹೆಚ್ಚು. ನಾನು ಸದಾ ಬೆಳಿಗ್ಗೆ ಹತ್ತಕ್ಕೆ ಹೋಗುತ್ತಿದ್ದುದರಿಂದ ಆ ಮಗು ಉಣ್ಣುವುದನ್ನು ನೋಡಿರಲೇ ಇಲ್ಲ. ಗುಂಪಿನಲ್ಲಿ ಈ ಪ್ರಶ್ನೆ ಬಂದ ಮೇಲೆ ಹೊತ್ತು ಬದಲಿಸಿ ಮಧ್ಯಾಹ್ನ ಹೋದೆ. ತಾಯಿ ಮಗುವನ್ನು ಕಾಲ ಮೇಲೆ ಅಂಗಾತ ಮಲಗಿಸಿ, ತಲೆ ಹಿಂದಕ್ಕೆ ವಾಲಿರುವಾಗ ತೆಳ್ಳನೆಯ ಗಂಜಿಯನ್ನು ಮೇಲಿನಿಂದ ಹುಯ್ಯುತ್ತಿದ್ದರು. ಮಗು ಕೆಮ್ಮುತ್ತಿತ್ತು, ನುಂಗಿದ ಮೇಲೆ ಉಸಿರಿನಲ್ಲಿ ಗೊರಗೊರ ಸದ್ದಿತ್ತು. ಆಹಾರ ಶ್ವಾಸನಾಳಕ್ಕೆ ಇಳಿಯುತ್ತಿರಬಹುದೆಂಬುದಕ್ಕೆ ಅದೇ ಲಕ್ಷಣ, ಪದೇ ಪದೇ ಬರುತ್ತಿದ್ದ ನ್ಯುಮೋನಿಯಾಗೆ ಅದೇ ಕಾರಣವಿದ್ದೀತು. ಇಲ್ಲಿ ಕೈ ಕಟ್ಟಿ ಕೂರುವುದು ಸರಿಯಲ್ಲವೆಂದು ವಾಕ್ ಚಿಕಿತ್ಸಕಿ ಖಡಾಖಂಡಿತವಾಗಿ ಹೇಳಿದರು. ಅವರೇ ಬಂದು ಪರೀಕ್ಷಿಸಿ, ಜಿಲ್ಲಾ ಆಸ್ಪತ್ರೆಗೆ ಒಮ್ಮೆ ತೋರಿಸಿದ ಮೇಲೆಯೇ ನಾವು ತಾಯಿಗೆ ಕಲಿಸತೊಡಗಿದೆವು. ಸೊಂಟ, ಮಂಡಿ ಎರಡೂ ಮಡಿಯುವಂತೆ ಮೂಲೆಯಲ್ಲಿ ಒರಗಿಸಿ ಕೂರಿಸುವುದು, ಗದ್ದ ಸ್ವಲ್ಪ ಎದೆಯ ಕಡೆಗಿರುವುದು, ತಾಯಿ ಮಗುವಿನ ಕಣ್ಣಿನ ಮಟ್ಟದಲ್ಲಿ ಎದುರು ಕೂತು ಚಮಚವನ್ನು ನೇರವಾಗಿ ತಂದು ನಾಲಗೆಯ ಮೇಲೆ ಮೆಲ್ಲಗೆ ಒತ್ತುವುದು, ತುಟಿ ಮುಚ್ಚುವವರೆಗೆ ಕಾಯುವುದು. ಗಂಜಿಯ ಬದಲು ಗಟ್ಟಿಯಾದ ರಾಗಿ ಸರಿ. ಹಾಸನದ ಮನೆಗಳಲ್ಲಿ ಮುದ್ದೆಯನ್ನು ಅಗಿಯದೆ ನುಂಗುವುದೇ ಪದ್ಧತಿಯಾದ್ದರಿಂದ ‘ಮಗುವಿಗೂ ಒಂದು ತುತ್ತು ಮುದ್ದೆ’ ಎನ್ನುವ ಅಜ್ಜಿಯರಿಗೆ, ನುಂಗಲು ಕಷ್ಟಪಡುವ ಮಗುವಿಗೆ ಅದು ಗಂಟಲಿಗೆ ಸಿಕ್ಕಿಕೊಳ್ಳುವ ಉಂಡೆ ಎಂಬುದನ್ನು ಅವರ ಮನಸ್ಸು ನೋಯದಂತೆ ಹೇಳುವುದನ್ನು ನಾನು ಪ್ರತ್ಯೇಕವಾಗಿಯೇ ಕಲಿಯಬೇಕಾಯಿತು.

ನನ್ನ ಒಂದು ತಪ್ಪನ್ನೂ ಇಲ್ಲಿ ದಾಖಲಿಸಬೇಕು. ಆಲೂರು ಕಡೆಯ ಒಂದೂವರೆ ವರ್ಷದ ಗಂಡುಮಗುವಿಗೆ ಮಾತು ಬಂದಿರಲಿಲ್ಲ. ಮೂರು ತಿಂಗಳು ಅದರ ಮುಂದೆ ಚಿತ್ರ ತೋರಿಸಿ, ಪ್ರಾಣಿಗಳ ಸದ್ದು ಮಾಡಿ ಮಾತು ಬರಿಸಲು ಹೆಣಗಿದೆ. ಚಿತ್ರಿಕೆ ನೋಡಿದ ಪುನರ್ವಸತಿ ಕಾರ್ಯಕರ್ತರು, “ಮೇಡಂ, ನೀವು ಎದುರಿಗಿದ್ದಾಗ ಮಾತ್ರ ಅವನು ನೋಡ್ತಾನೆ, ಹಿಂದಿನಿಂದ ಕರೆದಾಗ ಒಂದು ಸಲಾನೂ ತಿರುಗಿಲ್ಲ” ಎಂದರು. ಕಿವಿಯ ಪರೀಕ್ಷೆ ಆಗಿದೆಯೇ ಎಂದು ನಾನು ಕೇಳಿರಲೇ ಇಲ್ಲ. ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಗೆ ಹಾಸನದಿಂದ ಬಸ್ಸಿನಲ್ಲಿ ಸುಮಾರು ಮೂರು ಗಂಟೆಯ ದಾರಿ. ಅಲ್ಲಿ ಎರಡೂ ಕಿವಿಗಳಲ್ಲಿ ತೀವ್ರ ಶ್ರವಣದೋಷವಿರುವುದು ಖಚಿತವಾಯಿತು. ಹುಟ್ಟಿದ ಒಂದು ತಿಂಗಳೊಳಗೆ ತಪಾಸಣೆ, ಮೂರು ತಿಂಗಳೊಳಗೆ ರೋಗನಿರ್ಣಯ, ಆರು ತಿಂಗಳೊಳಗೆ ಚಿಕಿತ್ಸೆಯ ಆರಂಭ ಎಂಬ ಮಾನದಂಡವನ್ನು ನಾನು ಪರೀಕ್ಷೆಯಲ್ಲಿ ಬರೆದು ಅಂಕ ಗಳಿಸಿದ್ದೆ. ಅದಾದ ಮೇಲೆ ಮಾತು ತಡವಾದ ಯಾವ ಮಗುವಿನ ಕಡತವನ್ನೂ ಶ್ರವಣ ಪರೀಕ್ಷೆಯ ಚೀಟಿಯಿಲ್ಲದೆ ನಮ್ಮ ಗುಂಪು ತೆರೆಯುವುದಿಲ್ಲ.

ಅಂಗನವಾಡಿ ಕಾರ್ಯಕರ್ತೆಯರಿಗೆ ನಾವು ಕೊಡುತ್ತಿದ್ದ ತರಬೇತಿಯೂ ಇದರಿಂದ ಬದಲಾಯಿತು. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಲ್ಲಿ ಆರಂಭವಾದಾಗಿನಿಂದ ಅದರ ತಂಡಗಳು ಅಂಗನವಾಡಿಗೆ ವರ್ಷಕ್ಕೆ ಎರಡು ಸಲ ಬಂದು ಮಕ್ಕಳನ್ನು ತಪಾಸಿಸಬೇಕು, ಸಂದೇಹವಿದ್ದವರನ್ನು ಬೆಳವಣಿಗೆಯ ತೊಂದರೆಗಳಿಗೆ ಬೇಗನೆ ನೆರವು ಕೊಡುವ ಜಿಲ್ಲಾ ಶೀಘ್ರ ಮಧ್ಯಸ್ಥಿಕೆ ಕೇಂದ್ರಕ್ಕೆ ಕಳುಹಿಸಬೇಕು. ಆದರೆ ಎರಡು ತಪಾಸಣೆಗಳ ನಡುವೆ ಮಗುವನ್ನು ನಿತ್ಯ ನೋಡುವವರು ಅಂಗನವಾಡಿಯ ಟೀಚರ್ ಮತ್ತು ಆಶಾ ಕಾರ್ಯಕರ್ತೆ. ಅವರನ್ನು ತಾಲ್ಲೂಕು ಕೇಂದ್ರದಲ್ಲಿ ಕೂಡಿಸಿ ಒಂದೇ ದಿನದಲ್ಲಿ ಎಲ್ಲ ಅಂಗವೈಕಲ್ಯಗಳನ್ನೂ ಹೇಳಿ ಮುಗಿಸುತ್ತಿದ್ದೆವು. ಊಟದ ನಂತರ ಅರ್ಧ ಜನ ತೂಕಡಿಸುತ್ತಿದ್ದರು, ಅದು ಅವರ ತಪ್ಪಲ್ಲ. ಈಗ ಒಂದು ಬಾರಿಗೆ ಎರಡು ಗಂಟೆ, ಒಂದೇ ವಿಷಯ. ಮಗು ಯಾವ ತಿಂಗಳಿಗೆ ಏನು ಮಾಡಬೇಕೆಂದು ಗೆರೆಗಳಲ್ಲಿ ತೋರಿಸುವ ತಿರುವನಂತಪುರದ ಬೆಳವಣಿಗೆ ಪಟ್ಟಿಯಲ್ಲಿ ಎರಡು ವರ್ಷದವರೆಗಿನ ಮಕ್ಕಳಿಗಾಗಿ ಇರುವುದು 17 ಅಂಶಗಳು ಮಾತ್ರ. ಮಗುವಿನ ತಿಂಗಳಿನ ಮೇಲೆ ಪೆನ್ಸಿಲ್ಲನ್ನು ಲಂಬವಾಗಿ ಇಟ್ಟರೆ ಅದರ ಎಡಕ್ಕೆ ಮುಗಿದುಹೋದ ಅಂಶಗಳನ್ನೆಲ್ಲ ಮಗು ಮಾಡುತ್ತಿರಬೇಕು. ಇದನ್ನು ಕಲಿಸಲು ಅರ್ಧ ಗಂಟೆ ಸಾಕು. ಉಳಿದ ಒಂದೂವರೆ ಗಂಟೆ ಹೋಗುವುದು ಬೇಲೂರು ಕಡೆಯ ಒಬ್ಬ ಟೀಚರ್ ಕೇಳಿದ ಪ್ರಶ್ನೆಗೆ: “ಗೊತ್ತಾಗುತ್ತೆ ಮೇಡಂ, ಗೊತ್ತಾಗೋದು ಕಷ್ಟ ಅಲ್ಲ. ಅದನ್ನ ಆ ಮನೇಲಿ ಹೇಗೆ ಹೇಳೋದು? ನಾಳೆ ನಾನು ಅದೇ ಬೀದೀಲಿ ಓಡಾಡ್ಬೇಕು.” ಆದ್ದರಿಂದ ಒಬ್ಬರು ಟೀಚರ್ ಆಗಿ, ಒಬ್ಬರು ಸೊಸೆಯಾಗಿ, ಒಬ್ಬರು ಅತ್ತೆಯಾಗಿ ಕೂತು ಆಡಿ ನೋಡುತ್ತಾರೆ. ‘ನಿಮ್ಮ ಮಗುವಿಗೆ ತೊಂದರೆ ಇದೆ’ ಎಂದು ಶುರುಮಾಡಿದರೆ ಅತ್ತೆಯಾದವರು ಬಾಗಿಲು ಹಾಕುತ್ತಾರೆ. ‘ಮಗುವಿನ ವಿಷಯದಲ್ಲಿ ನಿಮಗೆ ಏನಾದರೂ ಅನ್ನಿಸಿದೆಯಾ ಅಜ್ಜಿ?’ ಎಂದರೆ ಹೆಚ್ಚಿನ ಸಲ ಅವರೇ ಮೊದಲು ಹೇಳಿಬಿಡುತ್ತಾರೆ. ಮುಂದಿನ ತಿಂಗಳೊಳಗೆ ನಾವು ಆ ಟೀಚರ್ ಜೊತೆ ಒಂದು ಮನೆಗೆ ಹೋಗಿಯೇ ಹೋಗುತ್ತೇವೆ. ಹಾಗೆ ಹೋಗಲು ಆಗದಿದ್ದ ಕಡೆಗಳಲ್ಲಿ ಎರಡು ಗಂಟೆಯ ತರಬೇತಿಯೂ ಹಳೆಯ ಒಂದು ದಿನದ ತರಬೇತಿಯಷ್ಟೇ ನಿಷ್ಫಲವಾಯಿತು.

ಊರು ಮತ್ತು ಕಾಲ ಕೂಡ ಪಾಠ ಕಲಿಸಿದವು. ನವೆಂಬರಿನಿಂದ ಫೆಬ್ರವರಿಯವರೆಗೆ ಕಾಫಿ ಹಣ್ಣು ಕುಯ್ಯುವ ಕಾಲದಲ್ಲಿ ತಾಯಂದಿರು ಮನೆಯಲ್ಲಿರುವುದಿಲ್ಲ, ಮಗು ಅಜ್ಜಿಯ ಬಳಿ ಅಥವಾ ಮರಕ್ಕೆ ಕಟ್ಟಿದ ಜೋಲಿಯಲ್ಲಿರುತ್ತದೆ. ಆಗ ಕಲಿಸಬೇಕಾದದ್ದು ಅಜ್ಜಿಗೆ, ಕೇಳಿಕೊಳ್ಳಬೇಕಾದದ್ದು ಜೋಲಿಯ ಹೊತ್ತನ್ನು ಸ್ವಲ್ಪ ತಗ್ಗಿಸಿ ಎಂದು. ಆನೆಗಳ ಓಡಾಟವಿರುವ ಕಡೆ ಸಂಜೆಯ ಭೇಟಿ ಆಗುವುದಿಲ್ಲ. ಮುಂಗಾರಿನಲ್ಲಿ ದಾರಿ ಕಟ್ಟಿದಾಗ ಫೋನಿನಲ್ಲಿ ಮಾಡುತ್ತೇವೆ, ಮತ್ತು ಮಗುವನ್ನು ಮುಟ್ಟಲು ಸಾಧ್ಯವೇ ಇಲ್ಲದ ಆ ಭೇಟಿಗಳಲ್ಲಿ ನಾನು ಎಲ್ಲಕ್ಕಿಂತ ಚೆನ್ನಾಗಿ ಕೆಲಸ ಮಾಡುತ್ತೇನೆಂದು ಸಹೋದ್ಯೋಗಿಗಳು ನಗುತ್ತಾರೆ. ಅಸ್ಸಾಂ ಕಡೆಯಿಂದ ಬಂದಿರುವ ಕುಟುಂಬಗಳ ಜೊತೆ ಭಾಷೆಯ ತೊಡಕು ಇನ್ನೂ ಬಗೆಹರಿದಿಲ್ಲ.

ನಮ್ಮ ವರದಿಯ ನಮೂನೆಯಲ್ಲಿ ‘ನೀಡಿದ ಥೆರಪಿಗಳ ಸಂಖ್ಯೆ’ ಎಂಬ ಕಾಲಂ ಇಂದಿಗೂ ಇದೆ. ತಾಯಿ ತಾನಾಗಿ ಏನು ಮಾಡಿದರು ಎಂದು ಬರೆಯಲು ಕಾಲಂ ಇಲ್ಲದ್ದರಿಂದ ಅದನ್ನು ಷರಾದಲ್ಲಿ ಬರೆಯುತ್ತೇವೆ. ಮೇಲಿನವರು ಷರಾ ಓದುವುದಿಲ್ಲ. ಈ ವರ್ಷ ಹೊಸದಾಗಿ ಸೇರಿದ ಹುಡುಗಿಯೊಬ್ಬಳನ್ನು ನನ್ನೊಡನೆ ಹಾಕಿದ್ದಾರೆ. ಕಳೆದ ತಿಂಗಳು ನನ್ನ ಭೇಟಿಯನ್ನು ಅವಳೇ ಚಿತ್ರೀಕರಿಸಿ, ಗುಂಪಿನಲ್ಲಿ ಸಂಕೋಚಪಡುತ್ತಲೇ ಎಣಿಸಿ ಹೇಳಿದಳು: ತಾಯಿಯ ಕೈ ಮಗುವಿನ ಮೇಲಿದ್ದದ್ದು ಏಳು ನಿಮಿಷ. ಎಂಟನೆಯ ನಿಮಿಷದಲ್ಲಿ ರಾಗಿ ಸರಿ ಚೆಲ್ಲಿದಾಗ, ಅವರು ಬಟ್ಟೆಗಾಗಿ ತಿರುಗುವಷ್ಟರಲ್ಲಿ, ಚಮಚವನ್ನು ನಾನು ತೆಗೆದುಕೊಂಡಿದ್ದೆ.