ಕೈಲಾಗುತ್ತಾ? ಎಷ್ಟಾಣೆ?

ನಾನು ಮೈಸೂರಿನಲ್ಲಿ ಫಿಸಿಯೋಥೆರಪಿಸ್ಟ್. ಪಲ್ಮನರಿ ರಿಹ್ಯಾಬ್, ಅಂದರೆ ಶ್ವಾಸಕೋಶದ ತೊಂದರೆ ಇರುವವರಿಗೆ ವ್ಯಾಯಾಮ, ಉಸಿರಾಟದ ತರಬೇತಿ ಕೊಡುವುದು ನನ್ನ ಕೆಲಸ. ಸಿಒಪಿಡಿ (ಶ್ವಾಸನಾಳ ಕಿರಿದಾಗಿ ಉಸಿರು ಕಟ್ಟುವ ದೀರ್ಘಕಾಲದ ಕಾಯಿಲೆ) ಇರುವವರು, ಟಿಬಿ ವಾಸಿಯಾದ ಮೇಲೂ ಏದುಸಿರು ಬಿಡುವವರು ವಾರಕ್ಕೆ ಎರಡು ಸಲ, 8 ವಾರ ಬರುತ್ತಾರೆ. ಮೊದಲ ದಿನ 30 ಮೀಟರ್ ಕಾರಿಡಾರಿನಲ್ಲಿ 6 ನಿಮಿಷ ನಡೆಸುತ್ತೇವೆ. ಕೊನೆಯ ದಿನ ಮತ್ತೆ ನಡೆಸುತ್ತೇವೆ. ಎಷ್ಟು ಮೀಟರ್ ಜಾಸ್ತಿಯಾಯಿತು ಅಂತ ಬರೆದುಕೊಂಡು ಖುಷಿಪಡುತ್ತೇವೆ.

ಆ ಖುಷಿಗೆ ತಣ್ಣೀರೆರಚಿದ್ದು ಒಬ್ಬರು ಅಜ್ಜಿ. ಬೀಡಿ ಮುಟ್ಟಿದವರಲ್ಲ, ಸೌದೆ ಒಲೆಯ ಹೊಗೆ ಕುಡಿದವರು. 230 ಮೀಟರ್ ನಡೆಯುತ್ತಿದ್ದವರು 295 ನಡೆದರು. ನಾನು ಬೀಗುತ್ತಿರುವಾಗ ಅವರ ಸೊಸೆ ಮೆಲ್ಲಗೆ ಹೇಳಿದರು: "ಈಗಲೂ ಸ್ನಾನಕ್ಕೆ ಹೋದರೆ ಬಾಗಿಲ ಹತ್ರ ನಾನೇ ನಿಂತಿರಬೇಕು ಮೇಡಂ."

ಕಾಲಿಗೆ ಶಕ್ತಿ ಬಂದಿತ್ತು, 'ನನ್ನ ಕೈಲಾಗುತ್ತೆ' ಅನ್ನುವುದು ಬಂದಿರಲಿಲ್ಲ. ಇದಕ್ಕೆ ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರಾ 1977ರಲ್ಲೇ ಹೆಸರಿಟ್ಟಿದ್ದಾರೆ, ಸೆಲ್ಫ್ ಎಫಿಕೆಸಿ ಅಂತ. ಅಳೆಯುವ ಪ್ರಶ್ನಾವಳಿಗಳೂ ಇವೆ. 1991ರ ಸಿಒಪಿಡಿ ಸ್ಕೇಲ್‌ನಲ್ಲಿ 34 ಪ್ರಶ್ನೆ. ಸಿಟ್ಟು ಬಂದಾಗ, ಚಳಿಗೆ, ಮೆಟ್ಟಿಲು ಬೇಗ ಹತ್ತಿದಾಗ ಉಸಿರು ಸಂಭಾಳಿಸಬಲ್ಲಿರಾ, ಹೀಗೆ. ಚೆನ್ನಾಗಿದೆ, ಆದರೆ ಕೇಳಿ ಮುಗಿಸುವಷ್ಟರಲ್ಲಿ ನಮ್ಮವರ ಊರಿನ ಬಸ್ಸು ಹೋಗಿರುತ್ತದೆ. ರಿಹ್ಯಾಬ್‌ಗೆಂದೇ ಹೊಂದಿಸಿದ ಪ್ರೇಸ್ (PRAISE) ಅನ್ನುವ ಪ್ರಶ್ನಾವಳಿಯಲ್ಲಿ 15 ಪ್ರಶ್ನೆ. 10 ಪ್ರಶ್ನೆ ಸಾಮಾನ್ಯ ಆತ್ಮವಿಶ್ವಾಸದ್ದು, 5 ರಿಹ್ಯಾಬ್‌ದು. ಪ್ರತಿ ಉತ್ತರಕ್ಕೆ 1ರಿಂದ 4 ಅಂಕ, ಒಟ್ಟು 15ರಿಂದ 60. ಅದನ್ನೇ ಹಿಡಿದೆ.

ತೊಂದರೆ ಶುರುವಾಗಿದ್ದು ಕನ್ನಡದಲ್ಲಿ. ಮೊದಲು "ಎಷ್ಟು ನಂಬಿಕೆ ಇದೆ?" ಅಂತ ಕೇಳಿದೆ. "ನಿಮ್ಮ ಮೇಲೆ ಪೂರ್ತಿ ನಂಬಿಕೆ ಇದೆ ಮೇಡಂ" ಅಂದರು! 'ಆತ್ಮವಿಶ್ವಾಸ' ಅಂದರೆ ಪರೀಕ್ಷೆಗೆ ಕೂತವರ ಹಾಗೆ ಮುಖ ಮಾಡಿದರು. "ಮನೇಲಿ ವ್ಯಾಯಾಮ ಮಾಡ್ತೀರಾ?" ಅಂದರೆ ಎಲ್ಲರೂ ಹೂಂ. ಅದು ನನ್ನದೇ ತಪ್ಪು. ಕೇಳಬೇಕಾದ್ದು 'ಮಾಡ್ತೀರಾ' ಅಲ್ಲ, 'ಮಾಡೋಕೆ ಆಗುತ್ತಾ'. ಕೊನೆಗೆ ಕೂತಿದ್ದು 'ಧೈರ್ಯ' ಅನ್ನುವ ಪದ. ಪಕ್ಕದಲ್ಲಿ ಮಗನೋ ಸೊಸೆಯೋ ಇದ್ದರೆ ಉತ್ತರ ಅವರದಾಗುತ್ತದೆ. ಹಾಗಾಗಿ ಅವರನ್ನು ಕಾಫಿಗೆ ಕಳಿಸುತ್ತೇನೆ.

ಪ್ರೇಸ್‌ನ ಅಂಕಗಳನ್ನು ಮಾತ್ರ ಮುಟ್ಟಲಿಲ್ಲ. ಅಳತೆಗೋಲನ್ನೇ ಬದಲಿಸಿದರೆ ಹೋಲಿಸುವುದು ಯಾವುದಕ್ಕೆ? ಅದರ ಜೊತೆಗೆ ನನ್ನದೊಂದು ಚಿಕ್ಕ ಪಟ್ಟಿ ಇಟ್ಟುಕೊಂಡೆ, ಯಾರಿಗೆ ಏನು ಹೇಳಿಕೊಡಬೇಕು ಅಂತ ತಿಳಿಯಲಿಕ್ಕೆ, ಸಂಶೋಧನಾ ಪ್ರಬಂಧ ಬರೆಯಲಿಕ್ಕಲ್ಲ. ಸ್ನಾನ, ಮೆಟ್ಟಿಲು, ಸಂತೆ, ರಾತ್ರಿ ಉಸಿರು ಹಿಡಿದಾಗ. ಒಂದೊಂದಕ್ಕೂ "ರೂಪಾಯಿಗೆ ಎಷ್ಟಾಣೆ ಧೈರ್ಯ?" ಆಣೆ 1957ರಲ್ಲೇ ಹೋಯಿತು, ಹಿರಿಯರ ಬಾಯಿಂದ ಹೋಗಿಲ್ಲ. ಕಿರಿಯರಿಗೆ ಹತ್ತಕ್ಕೆ ಎಷ್ಟು ಅಂತಲೇ ಕೇಳುತ್ತೇನೆ.

ಅಜ್ಜಿಯನ್ನು ಮತ್ತೆ ಕರೆಸಿದೆ. ಸಂತೆಗೆ ಹನ್ನೆರಡಾಣೆ, ಸ್ನಾನಕ್ಕೆ ಎರಡೇ. ಯಾಕೆ ಅಂತ ಕೇಳಿದರೆ, ಹಿಂದೊಮ್ಮೆ ಬಿಸಿನೀರಿನ ಹಬೆಯಲ್ಲಿ ಉಸಿರು ಸಿಕ್ಕದೆ ಕುಸಿದಿದ್ದರಂತೆ. ಆರು ನಿಮಿಷದ ನಡಿಗೆಗೆ ಇದೆಲ್ಲಿ ಗೊತ್ತಾಗಬೇಕು? ಅಲ್ಲಿಂದ ಸ್ನಾನವನ್ನೇ ಅಭ್ಯಾಸ ಮಾಡಿಸಿದೆವು. ಸ್ಟೂಲಿನ ಮೇಲೆ ಕೂರುವುದು, ನೀರು ಉಗುರುಬೆಚ್ಚಗೆ, ಚಿಲಕ ಹಾಕದ ಬಾಗಿಲು, ತುಟಿ ಕಿರಿದು ಮಾಡಿ ನಿಧಾನ ಉಸಿರು ಬಿಡುತ್ತಾ ಒಂದೊಂದು ಚೊಂಬು. ಮೊದಲು ಸುಮ್ನೆ ಖಾಲಿ ಚೊಂಬಿನಲ್ಲಿ. ನಾಲ್ಕನೇ ವಾರಕ್ಕೆ ಹತ್ತಾಣೆ. ಸೊಸೆ ಬಾಗಿಲು ಬಿಟ್ಟು ಅಡುಗೆಮನೆಗೆ ಹೋದರು.

ಅಂಕ ಇಳಿದರೆ ಮೊದಮೊದಲು ಗಾಬರಿಯಾಗುತ್ತಿತ್ತು. ಯಜಮಾನರೊಬ್ಬರು ಮೊದಲ ದಿನವೇ ಮೆಟ್ಟಿಲಿಗೆ ಹದಿನಾರಾಣೆ ಅಂದಿದ್ದರು, ಚಾಮುಂಡಿ ಬೆಟ್ಟ ಹತ್ತಿದ ಕಾಲದ ಲೆಕ್ಕ. ಮೂರನೇ ವಾರ ಎಂಟಕ್ಕಿಳಿದರು. ಆರನೇ ಮೆಟ್ಟಿಲಲ್ಲಿ ನಿಂತು ನೋಡಿದ ಮೇಲಿನ ಎಂಟಾಣೆ ಅದು. ಮೊದಲಿನ ಹದಿನಾರಕ್ಕಿಂತ ಗಟ್ಟಿ ಅಂತ ನನಗೆ ಅನ್ನಿಸಿತು. ಎಂಟನೇ ವಾರ ಹನ್ನೆರಡು.

"ಪೂರ್ತಿ ಯಾಕಿಲ್ಲ ಯಜಮಾನ್ರೇ?"

"ನಾಲ್ಕಾಣೆ ಇನ್‌ಹೇಲರ್‌ಗೆ ಬಿಟ್ಟಿದ್ದೀನಿ ಮೇಡಂ."

12 ಅಂತಲೇ ಬರೆದುಕೊಂಡೆ.